ಅಲೆಯ ಮೇಲೆ ಕಡಲ ಜೀವಿ ಎದುರಾದರೆ: ಘಟ್ಟ ಇಳಿದು ಸರ್ಫಿಂಗ್‌ಗೆ ಹೋಗುವವರಿಗೆ

ತುಲಾ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದರೆ ಸಾಕು, ಮಡಿಕೇರಿ, ಕುಶಾಲನಗರ, ಸೋಮವಾರಪೇಟೆ ಕಡೆಯ ಹುಡುಗ ಹುಡುಗಿಯರು ಸಂಪಾಜೆ ಘಾಟಿ ಇಳಿದು ಮೂಲ್ಕಿ, ಸಸಿಹಿತ್ಲಿನ ಅಲೆಗಳ ಕಡೆಗೆ ಹೊರಡುತ್ತಾರೆ. ವಿರಾಜಪೇಟೆಯವರಿಗೆ ಮಾಕುಟ್ಟದ ದಾರಿಯಲ್ಲಿ ಕಣ್ಣೂರೇ ಹತ್ತಿರ. ಹಲಗೆಯ ಮೇಲೆ ಎದ್ದು ನಿಲ್ಲುವುದನ್ನು ಕಲಿಸಲು ಕಡಲತೀರದಲ್ಲಿ ತರಬೇತುದಾರರಿದ್ದಾರೆ. ಆದರೆ ಕಾಲಿಗೆ ಜೆಲ್ಲಿ ಮೀನಿನ ಎಳೆ ಸುತ್ತಿಕೊಂಡ ಮೊದಲ ಎರಡು ನಿಮಿಷದಲ್ಲಿ ನಮ್ಮವರು ಕಾಫಿ ತೋಟದಲ್ಲಿ ಇಂಬಳಕ್ಕೆ ಮಾಡುವುದನ್ನೇ ಅಲ್ಲೂ ಮಾಡುತ್ತಾರೆ: ಉಜ್ಜುತ್ತಾರೆ, ಎಳೆದು ಕೀಳುತ್ತಾರೆ, ಸುಣ್ಣ ಹಚ್ಚುತ್ತಾರೆ, ಕುಡಿಯುವ ನೀರಿನ ಬಾಟಲಿ ಸುರಿಯುತ್ತಾರೆ. ನಾಲ್ಕೂ ತಪ್ಪು. ನಾಲ್ಕರಿಂದಲೂ ಉರಿ ಹೆಚ್ಚುತ್ತದೆ.

ಮನೆಯಿಂದಲೇ ತುಂಬಿಕೊಳ್ಳಬೇಕಾದದ್ದು

ಒಂದು ಲೀಟರಿನ ಒಳ್ಳೆಯ ಫ್ಲಾಸ್ಕಿನಲ್ಲಿ ಕುದಿಯುವ ನೀರು. ಅರ್ಧ ಲೀಟರ್ ಬಿಳಿ ವಿನೆಗರ್. ತುದಿ ಚೂಪಿಲ್ಲದ ಒಂದು ಚಿಮಟ. ನಾಲ್ಕು ಇಂಚು ಅಗಲದ ಎರಡು ಕ್ರೇಪ್ ಬ್ಯಾಂಡೇಜ್. ಒಂದು ಪ್ಲಾಸ್ಟಿಕ್ ಬಕೆಟ್. ಒಂದೆರಡು ಜೊತೆ ರಬ್ಬರ್ ಕೈಗವಸು. ಇಷ್ಟೇ.

ಫ್ಲಾಸ್ಕ್ ಕೊಳ್ಳುವಾಗ ಎಚ್ಚರ. ಸಂತೆಯಲ್ಲಿ ಫ್ಲಾಸ್ಕಿನ ಆಕಾರದಲ್ಲೇ ಸಿಗುವ ಒಂದೇ ಪದರದ ಸ್ಟೀಲ್ ಬಾಟಲಿ ಸುಳ್ಯ ತಲುಪುವಷ್ಟರಲ್ಲಿ ತಣ್ಣಗಾಗಿರುತ್ತದೆ. ಬಿಸಿ ನೀರು ತುಂಬಿದಾಗ ಹೊರಮೈ ಬೆಚ್ಚಗಾದರೆ ಅದು ಫ್ಲಾಸ್ಕ್ ಅಲ್ಲ, ಬರೀ ಬಾಟಲಿ.

ವಿನೆಗರ್ ವಿಷಯದಲ್ಲಿ ಕೊಡಗಿನವರಿಗೇ ಬರುವ ಒಂದು ಯೋಚನೆಯಿದೆ: ಹೇಗೂ ಮನೆಯಲ್ಲಿ ಕಾಚಂಪುಳಿ ಇದೆಯಲ್ಲ, ಅದನ್ನೇ ಒಯ್ದರಾಯಿತು ಎಂದು. ಬೇಡ. ಜೆಲ್ಲಿ ಮೀನಿನ ಎಳೆಯಲ್ಲಿರುವ ವಿಷದ ಕುಟುಕು ಕೋಶಗಳನ್ನು ತಡೆಯುವುದು ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ. ಕಾಚಂಪುಳಿಯ ಹುಳಿ ಬೇರೆ ಆಮ್ಲದ್ದು, ಮೇಲಾಗಿ ಅದು ಪಾಕದಂತೆ ದಪ್ಪ ಮತ್ತು ಕಪ್ಪು. ಹಚ್ಚಿದರೆ ಗಾಯದ ಗೆರೆಯೂ ಕಾಣುವುದಿಲ್ಲ, ಅಂಟಿಕೊಂಡ ಎಳೆಯೂ ಕಾಣುವುದಿಲ್ಲ. ಅದು ಪಂದಿಕರಿಗೇ ಇರಲಿ. ಅಂಗಡಿಯ ಸಾದಾ ಬಿಳಿ ವಿನೆಗರಿನ ಚೀಟಿಯಲ್ಲಿ ಅಸಿಟಿಕ್ ಆಮ್ಲ 4ರಿಂದ 6 ಶೇಕಡಾ ಎಂದಿದ್ದರೆ ಸಾಕು. ದುಬಾರಿ ಸೇಬಿನ ವಿನೆಗರ್ ಬೇಕಿಲ್ಲ.

ಮೈಗೆ ತುಂಬುತೋಳಿನ ಲೈಕ್ರಾ ಅಂಗಿ, ಕಣಕಾಲಿನವರೆಗೆ ಬರುವ ಬಿಗಿ ಲೈಕ್ರಾ ಪ್ಯಾಂಟು ಹಾಕಿಕೊಳ್ಳಿ. ತೆಳ್ಳಗಿನ ಬಟ್ಟೆಯೂ ಜೆಲ್ಲಿ ಮೀನಿನ ಎಳೆಗೂ ಚರ್ಮಕ್ಕೂ ನಡುವೆ ಅಡ್ಡ ನಿಲ್ಲುತ್ತದೆ. ಹತ್ತಿಯ ಬನಿಯನ್ ನೀರು ಕುಡಿದು ಭಾರವಾಗುತ್ತದೆ, ಎಳೆಗಳನ್ನು ಮಡಿಕೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ.

ನೀರಿಗಿಳಿಯುವ ಮುಂಚೆ ಹತ್ತು ನಿಮಿಷ

ಅಲೆ ಬಂದು ಹಿಂದೆ ಸರಿಯುವ ಗೆರೆಯುದ್ದಕ್ಕೂ ಇನ್ನೂರು ಹೆಜ್ಜೆ ನಡೆಯಿರಿ. ಮರಳಿನಲ್ಲಿ ಗಾಜಿನಂತಹ ಲೋಳೆಮುದ್ದೆ ಅಥವಾ ನೀಲಿ ಬಲೂನಿನಂತಹ ಪುಟ್ಟ ಚೀಲಗಳು ಬಿದ್ದಿದ್ದರೆ ನೀರಿನಲ್ಲೂ ಅವು ಇವೆ ಎಂದರ್ಥ. ನೀಲಿ ಚೀಲದವಕ್ಕೆ ಈಜಲು ಬರುವುದಿಲ್ಲ. ಆ ಚೀಲವೇ ಅವುಗಳ ಹಾಯಿ. ಹಾಗಾಗಿ ಕಡಲಿನಿಂದ ದಡದ ಕಡೆಗೆ ಗಾಳಿ ಬೀಸುವ ದಿನ ಗುಂಪಾಗಿ ಬರುತ್ತವೆ. ಸತ್ತು ಬಿದ್ದದ್ದನ್ನೂ ಮುಟ್ಟಬೇಡಿ, ಕಾಲಲ್ಲಿ ಒದೆಯಬೇಡಿ. ಜೀವ ಹೋದ ಮೇಲೂ ಕುಟುಕು ಕೋಶ ಕೆಲಸ ಮಾಡುತ್ತದೆ.

ಆಮೇಲೆ ದಡದಲ್ಲಿರುವ ಮೊಗವೀರರನ್ನು ಕೇಳಿ. ‘ಅಣ್ಣಾ, ಇವತ್ತು ಬಲೆಗೆ ಜೆಲ್ಲಿ ಮೀನು ಬಂತಾ?’ ಎಂಬ ಒಂದು ಪ್ರಶ್ನೆಗೆ ಸಿಗುವ ಉತ್ತರ ಯಾವ ಮೊಬೈಲ್ ಆ್ಯಪ್‌ನಲ್ಲೂ ಸಿಗುವುದಿಲ್ಲ. ಕೈರಂಪಣಿ ಬಲೆ ಎಳೆದ ಜಾಗದಲ್ಲಿ ಮಾತ್ರ ಬರಿಗಾಲಲ್ಲಿ ತಿರುಗಬೇಡಿ. ಬೇಡವೆಂದು ಬಿಸುಟ ಮುಳ್ಳುಮೀನು, ಒಮ್ಮೊಮ್ಮೆ ಕಡಲ ಹಾವು ಅಲ್ಲಿ ಮರಳಿನ ಬಣ್ಣದಲ್ಲೇ ಬಿದ್ದಿರುತ್ತವೆ.

ಸಸಿಹಿತ್ಲಿನಂತಹ ಕಡೆ ಶಾಂಭವಿ, ನಂದಿನಿ ನದಿಗಳು ಕೂಡಿ ಕಡಲು ಸೇರುತ್ತವೆ. ಅಳಿವೆ ಬಾಗಿಲಿನ ಹತ್ತಿರ ನೀರು ಕದಡಿದ್ದಾಗ, ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಹಲಗೆ ಇಳಿಸಬೇಡಿ. ಮೀನಿನ ಹಿಂಡು ಬರುವುದೂ ಅದನ್ನು ಹಿಂಬಾಲಿಸಿ ದೊಡ್ಡ ಮೀನು ಬರುವುದೂ ಅದೇ ಹೊತ್ತು, ಅದೇ ಜಾಗ. ಬರಪೊಳೆಯಲ್ಲಿ ರಾಫ್ಟಿಂಗ್ ಮಾಡಿದವರಿಗೆ ಕದಡಿದ ನೀರಿನ ಹೆದರಿಕೆ ಹೋಗಿರುತ್ತದೆ. ಹೊಳೆಯ ಆ ಧೈರ್ಯ ಅಳಿವೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಜೆಲ್ಲಿ ಮೀನು ಕುಟುಕಿದಾಗ

ಎಲ್ಲರೂ ಎಡವುವುದು ಇಲ್ಲಿ. ಏಕೆ ಎಂಬುದು ತಿಳಿದರೆ ಕ್ರಮ ತಾನಾಗಿ ನೆನಪಿರುತ್ತದೆ. ಜೆಲ್ಲಿ ಮೀನಿನ ಎಳೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿವೆ. ಒಂದೊಂದರೊಳಗೂ ಸುರುಳಿ ಸುತ್ತಿಟ್ಟ ವಿಷದ ಮುಳ್ಳು. ತಾಗಿದೊಡನೆ ಕೆಲವು ಸಿಡಿಯುತ್ತವೆ. ಮೊದಲ ಉರಿ ಅದು. ಸಿಡಿಯದೆ ಉಳಿದವು ಎಳೆಯ ಜೊತೆ ಚರ್ಮಕ್ಕೆ ಅಂಟಿಕೊಂಡಿರುತ್ತವೆ. ಒತ್ತಿದರೂ, ಉಜ್ಜಿದರೂ, ಸಿಹಿನೀರು ತಾಗಿದರೂ ಅವು ಸಿಡಿಯುತ್ತವೆ. ನಮ್ಮ ಕೆಲಸ ಅವು ಸಿಡಿಯದಂತೆ ತೆಗೆಯುವುದು.

ಮೊದಲು ನೀರಿನಿಂದ ಹೊರಗೆ ಬನ್ನಿ. ಕುಟುಕಿಗಿಂತ ಗಾಬರಿಯಲ್ಲಿ ನೀರು ಕುಡಿಯುವುದೇ ದೊಡ್ಡ ಅಪಾಯ. ಎದ್ದು ನಿಲ್ಲುವ ಪ್ರಯತ್ನ ಬಿಟ್ಟು ಹಲಗೆಯ ಮೇಲೆ ಬೋರಲು ಮಲಗಿ, ಬಿಳಿನೊರೆಯ ಅಲೆ ಹಿಡಿದು ದಡಕ್ಕೆ ಬನ್ನಿ. ಜೊತೆಗಾರರನ್ನು ಕೂಗಿ ಕರೆಯಿರಿ. ಕಾಲಿಗೆ ಕಟ್ಟಿದ ಲೀಶ್ ಅನ್ನು ಕೈಯಲ್ಲಿ ಎಳೆಯಬೇಡಿ. ಉದ್ದನೆಯ ಎಳೆಗಳು ಹೆಚ್ಚಾಗಿ ಆ ಹಗ್ಗಕ್ಕೇ ಸುತ್ತಿಕೊಂಡಿರುತ್ತವೆ. ಕಾಲಿಗೆ ಕುಟುಕಿದ್ದು ಹೀಗೆಯೇ ಕೈಗೂ ಬರುತ್ತದೆ.

ಇನ್ನು ಯಾವುದು ಕುಟುಕಿತು ಎಂದು ನೋಡಬೇಕು. ನೀಲಿ ಎಳೆ, ಮಣಿ ಪೋಣಿಸಿದಂತೆ ಒಂದೇ ಉದ್ದ ಗೆರೆಯ ಬಾವು, ಹತ್ತಿರದಲ್ಲಿ ನೀಲಿ ಚೀಲ ಕಂಡರೆ ಅದು ನೀಲಿ ಬಾಟಲಿ ಎಂದು ಕರೆಯುವ ಜೀವಿ. ಇದಕ್ಕೆ ಧಾರಾಳವಾಗಿ ಕಡಲ ನೀರು ಸುರಿಯಿರಿ. ವಿನೆಗರ್ ಬೇಡ. ಪಾರದರ್ಶಕವಾದ ಡಬ್ಬಿಯಾಕಾರದ ಜೆಲ್ಲಿ ಕಂಡಿದ್ದರೆ, ಚಾಟಿ ಬೀಸಿದಂತೆ ಅಡ್ಡಾದಿಡ್ಡಿ ಗೆರೆಗಳು ಎದ್ದಿದ್ದರೆ, ಅಥವಾ ಯಾವುದೆಂದು ಗುರುತೇ ಸಿಗದಿದ್ದರೆ ವಿನೆಗರ್. ಬರೀ ಚಿಮುಕಿಸಿದರೆ ಸಾಲದು, ಇಡೀ ಜಾಗ ತೋಯುವಂತೆ ಕನಿಷ್ಠ 30 ಸೆಕೆಂಡ್ ಸುರಿಯಬೇಕು. ವಿನೆಗರ್ ನೋವನ್ನು ಕಡಿಮೆ ಮಾಡುವುದಿಲ್ಲ. ಸಿಡಿಯದ ಕೋಶಗಳನ್ನು ಕಟ್ಟಿಹಾಕುತ್ತದೆ, ಅಷ್ಟೇ. ಉರಿ ಇಳಿಯಲಿಲ್ಲವೆಂದು ಅರ್ಧಕ್ಕೇ ಬಿಡಬೇಡಿ. ಕಣ್ಣಿಗೆ ಮಾತ್ರ ಹಾಕಬಾರದು.

ಆಮೇಲೆ ಕೈಗವಸು ಹಾಕಿಕೊಂಡು ಚಿಮಟದಿಂದ ಎಳೆಗಳನ್ನು ಒಂದೊಂದಾಗಿ ಮೇಲಕ್ಕೆತ್ತಿ. ಮೇಲಕ್ಕೇ ಎತ್ತಬೇಕು, ಚರ್ಮದ ಮೇಲೆ ಎಳೆಯಬಾರದು. ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು ತೆಗೆಯಿರಿ ಎಂಬ ಹಳೆಯ ಸಲಹೆ ಈಗಲೂ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಕೆರೆಯುವುದೆಂದರೆ ಒತ್ತುವುದು. ಒತ್ತಿದರೆ ಸಿಡಿಯುತ್ತದೆ. ಮರಳಿನಿಂದ ತಿಕ್ಕುವುದು, ಮೂತ್ರ, ಸೀಮೆಎಣ್ಣೆ, ಸ್ಪಿರಿಟ್ ಹಚ್ಚುವುದು ಕೂಡ ಹಾಗೆಯೇ ಕೆಡುಕು.

ಎಳೆ ಪೂರ್ತಿ ಹೋದ ಮೇಲೆ ಬಿಸಿ ನೀರು. ನೋವು ನಿಜವಾಗಿ ಇಳಿಯುವುದು ಇದರಿಂದ. ಬೇಕಾದ ಬಿಸಿ 45 ಡಿಗ್ರಿ ಸೆಲ್ಸಿಯಸ್, ಅದಕ್ಕಿಂತ ಹೆಚ್ಚಲ್ಲ. ಥರ್ಮಾಮೀಟರ್ ಇಲ್ಲದೆ ಲೆಕ್ಕ ಹೀಗೆ: ಬೆಳಿಗ್ಗೆ ಮಡಿಕೇರಿಯಲ್ಲಿ ತುಂಬಿದ ನೀರು ಒಳ್ಳೆಯ ಫ್ಲಾಸ್ಕಿನಲ್ಲಿ ನಾಲ್ಕೈದು ತಾಸಿನ ನಂತರ ಸುಮಾರು 80 ಡಿಗ್ರಿಯಲ್ಲಿರುತ್ತದೆ. ಕಡಲ ನೀರು ಸುಮಾರು 28. ಒಂದು ಪಾಲು ಫ್ಲಾಸ್ಕಿನ ನೀರಿಗೆ ಎರಡು ಪಾಲು ಕಡಲ ನೀರು ಬೆರೆಸಿದರೆ 45ರ ಹತ್ತಿರ ಬರುತ್ತದೆ. ಪಕ್ಕದ ಹೋಟೆಲಿನಿಂದ ಆಗಷ್ಟೇ ಕುದಿಸಿದ ನೀರು ತಂದಿದ್ದರೆ ಒಂದಕ್ಕೆ ಮೂರು. ಬಕೆಟಿಗೆ ಮೊದಲು ಕಡಲ ನೀರು ಹಾಕಿ, ಅದರ ಮೇಲೆ ಬಿಸಿ ನೀರು ಸುರಿದು ಕಲಕಿ.

ಬಿಸಿಯನ್ನು ಪರೀಕ್ಷಿಸುವವರು ಕುಟುಕಿಸಿಕೊಂಡವರಲ್ಲ, ಜೊತೆಗಾರರು. ಉರಿಯಲ್ಲಿರುವ ಕಾಲಿಗೆ ಬಿಸಿ ತಿಳಿಯುವುದಿಲ್ಲ. ನೋವು ಕಮ್ಮಿಯಾಗಲೆಂದು ಬಿಸಿ ಏರಿಸುತ್ತಾ ಹೋಗಿ ಬೊಬ್ಬೆ ಎಬ್ಬಿಸಿಕೊಂಡವರು ಬೇಕಾದಷ್ಟು ಮಂದಿ. ಜೊತೆಗಾರರು ಮೊಣಕೈ ಅದ್ದಿ, ಅರ್ಧ ನಿಮಿಷ ತಡೆದುಕೊಳ್ಳಲು ಆಗುತ್ತದೆಯೇ ನೋಡಬೇಕು. ಆದರೆ ಸರಿ. ಕಾಲನ್ನು 20 ನಿಮಿಷ ಮುಳುಗಿಸಿಡಿ, ತಣ್ಣಗಾದಂತೆ ಕಾಲು ಹೊರತೆಗೆದು ಬಿಸಿ ನೀರು ಸೇರಿಸಿ. ಬಿಸಿ ನೀರು ಇಲ್ಲವೇ ಇಲ್ಲವೆಂದರೆ ಮಂಜುಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬಹುದು, ಅದರ ನೀರು ಗಾಯಕ್ಕೆ ಸೋರಬಾರದು.

ಉಸಿರಾಟಕ್ಕೆ ಕಷ್ಟ, ಎದೆ ಬಿಗಿತ, ವಾಂತಿ, ಸೊಂಟ ಬೆನ್ನಿನಲ್ಲಿ ತಡೆಯಲಾರದ ಸೆಳೆತ, ತುಟಿ ಅಥವಾ ಮುಖ ಊದುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಿ. ಕುಟುಕು ಮುಖ ಕುತ್ತಿಗೆಗೆ ಆಗಿದ್ದರೆ, ಇಡೀ ಕಾಲು ತುಂಬಾ ಹರಡಿದ್ದರೆ, ಚಿಕ್ಕ ಮಕ್ಕಳಾಗಿದ್ದರೆ ಲಕ್ಷಣ ಕಾಯಲೇಬೇಡಿ. ಸಂಜೆಯವರೆಗೆ ಘಾಟಿ ಹತ್ತಬೇಡಿ. ಸಂಪಾಜೆಯ ತಿರುವುಗಳಲ್ಲಿ ಉಸಿರು ಕಟ್ಟಿದರೆ ಆಸ್ಪತ್ರೆ ಎರಡೂ ಕಡೆಗೆ ದೂರ.

ತೊರಕೆಯ ಮುಳ್ಳು

ತೊರಕೆ ಚಪ್ಪಟೆ ಮೀನು. ಮೊಣಕಾಲುದ್ದದ ನೀರಿನಲ್ಲಿ ಮರಳು ಹೊದ್ದು ಮಲಗಿರುತ್ತದೆ. ಅಟ್ಟಿಸಿಕೊಂಡು ಬರುವ ಜೀವಿಯಲ್ಲ. ಮೇಲೆ ಕಾಲಿಟ್ಟರೆ ಮಾತ್ರ ಬಾಲ ಬೀಸುತ್ತದೆ. ಅದಕ್ಕೆ ಹಲಗೆ ಹಿಡಿದು ಒಳಗೆ ಹೋಗುವಾಗ ಹೆಜ್ಜೆ ಎತ್ತಿಡಬೇಡಿ, ಪಾದವನ್ನು ಮರಳಿನಲ್ಲಿ ಸರಸರ ಎಳೆದುಕೊಂಡು ಹೋಗಿ. ಅಲುಗಾಟ ತಿಳಿದು ಅದೇ ಸರಿದುಹೋಗುತ್ತದೆ. ಹಲಗೆಯಿಂದ ಬೀಳುವಾಗಲೂ ಕಾಲು ಮುಂದಾಗಿ ಧುಮುಕದೆ ಮೈ ಚಪ್ಪಟೆಯಾಗಿ ಬೀಳಿ.

ಚುಚ್ಚಿದರೆ ಅದೇ 45 ಡಿಗ್ರಿಯ ನೀರು, ಆದರೆ ಇಲ್ಲಿ 30ರಿಂದ 90 ನಿಮಿಷ. ರಕ್ತ ಹೆಚ್ಚಾಗಿ ಹರಿಯುತ್ತಿದ್ದರೆ ಮೊದಲು ಬಟ್ಟೆ ಒತ್ತಿ ನಿಲ್ಲಿಸಿ. ಹೊಟ್ಟೆ, ಎದೆ, ಕುತ್ತಿಗೆಯಲ್ಲಿ ನೆಟ್ಟ ಮುಳ್ಳನ್ನು ಎಳೆಯಲೇಬಾರದು, ಹಾಗೇ ಆಸ್ಪತ್ರೆಗೆ. ನೋವು ಇಳಿದರೂ ವೈದ್ಯರಿಗೆ ತೋರಿಸಿ: ಮುಳ್ಳಿನ ಅಂಚು ಗರಗಸದಂತಿದ್ದು ಚೂರು ಒಳಗೇ ಮುರಿದು ಉಳಿಯುತ್ತದೆ. ಟೆಟನಸ್ ಚುಚ್ಚುಮದ್ದೂ ಬೇಕು. ಮುಳ್ಳುಮೀನು ಚುಚ್ಚಿದರೂ ಉಪಚಾರ ಇದೇ.

ಕಡಲ ಹಾವು

ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆ. ಗುರುತು ಅದೇ. ಹೆಚ್ಚಿನವು ಮನುಷ್ಯನ ತಂಟೆಗೆ ಬರುವುದಿಲ್ಲ, ಕಚ್ಚಿಸಿಕೊಳ್ಳುವವರು ಬಹುತೇಕ ಬಲೆ ಬಿಡಿಸುವ ಮೀನುಗಾರರು. ಅಲೆಯಲ್ಲಿ ಕಂಡರೆ ಕೈಕಾಲು ಹಲಗೆಯ ಮೇಲೆತ್ತಿಕೊಂಡು ಅದು ಹೋಗಲು ಬಿಡಿ. ಮರಳಿನ ಮೇಲೆ ಬಿದ್ದ ಹಾವನ್ನು ಸತ್ತಿದೆಯೆಂದು ಬಾಲ ಹಿಡಿದು ಎತ್ತಿ ಫೋಟೊ ತೆಗೆಸಿಕೊಳ್ಳಬೇಡಿ. ದಡದಲ್ಲಿ ಅದಕ್ಕೆ ಹರಿಯಲು ತ್ರಾಣವಿಲ್ಲ, ಕಚ್ಚಲು ಇದೆ.

ಇದರ ಕಡಿತಕ್ಕೆ ನೋವೇ ಇರದಿರಬಹುದು. ಅರ್ಧ ತಾಸಿನಿಂದ ಕೆಲವು ತಾಸಿನೊಳಗೆ ಮೈಕೈ ಬಿಗಿತ, ರೆಪ್ಪೆ ಜೋಲುವುದು, ಕಪ್ಪು ಚಹಾದ ಬಣ್ಣದ ಮೂತ್ರ ಕಾಣುತ್ತವೆ. ಕಚ್ಚಿದ ಕಾಲಿಗೆ ಬೆರಳಿನಿಂದ ತೊಡೆಯವರೆಗೆ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಕೋಲು ಕಟ್ಟಿ ಅಲುಗದಂತೆ ಮಾಡಿ, ಗಂಟೆ ಬರೆದಿಟ್ಟುಕೊಳ್ಳಿ. ನಡೆಸಬೇಡಿ. ನಮ್ಮಲ್ಲಿ ಸಿಗುವ ಹಾವಿನ ವಿಷದ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳಿಗೆ ತಯಾರಾದದ್ದು, ಕಡಲ ಹಾವಿಗಲ್ಲ. ಆದ್ದರಿಂದ ವೆಂಟಿಲೇಟರ್ ಮತ್ತು ಡಯಾಲಿಸಿಸ್ ಇರುವ ಮಂಗಳೂರು ಅಥವಾ ಮಣಿಪಾಲದ ದೊಡ್ಡ ಆಸ್ಪತ್ರೆಗೇ ನೇರ ಹೋಗಿ.

ರೆಕ್ಕೆ ಕಂಡರೆ, ಆಮೆ ಕಂಡರೆ

ನೀರಿನ ಮೇಲೆ ರೆಕ್ಕೆ ಕಂಡೊಡನೆ ಶಾರ್ಕ್ ಎಂದು ಕಿರುಚುವುದು ಬೇಡ. ಕರಾವಳಿಯವರು ತಾಟೆ ಎನ್ನುವ ಅದು ಇಲ್ಲಿ ಸರ್ಫಿಂಗ್ ಮಾಡುವವರಿಗೆ ಎದುರಾಗುವುದು ತೀರಾ ಅಪರೂಪ. ಡಾಲ್ಫಿನ್ ಮಾತ್ರ ದಡದ ಹತ್ತಿರವೇ ಬರುತ್ತದೆ. ಅದು ಎದ್ದು ಬಾಗಿ ಮುಳುಗುತ್ತದೆ, ಫುಸ್ ಎಂದು ಉಸಿರು ಬಿಡುವ ಸದ್ದು ಕೇಳುತ್ತದೆ. ಶಾರ್ಕಿನ ರೆಕ್ಕೆ ಏಳದೆ ಮುಳುಗದೆ ಒಂದೇ ಮಟ್ಟದಲ್ಲಿ ಸಾಗುತ್ತದೆ, ಹಿಂದೆ ಬಾಲದ ತುದಿ ಎಡಬಲ ಆಡುತ್ತದೆ. ಅದೇ ಆದರೆ ನೀರು ಬಡಿಯದೆ, ಅದರ ಮೇಲೆ ಕಣ್ಣಿಟ್ಟು, ಎಲ್ಲರೂ ಒಟ್ಟಾಗಿ ದಡಕ್ಕೆ. ಡಾಲ್ಫಿನ್ ಆದರೆ ಹಲಗೆಯ ಮೇಲೆ ಕೂತು ನೋಡಿ, 50 ಮೀಟರಿಗಿಂತ ಹತ್ತಿರ ನೀವಾಗಿ ಹೋಗಬೇಡಿ. ಮರಿಯಿರುವ ಗುಂಪಿನ ನಡುವೆ ನುಗ್ಗಿದರೆ ತಾಯಿ ಬೆದರುತ್ತದೆ.

ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುತ್ತವೆ. ಮುಕ್ಕಾಲು ಮೀಟರಿಗಿಂತ ಚಿಕ್ಕ ಚಿಪ್ಪು, ಉಸಿರಿಗಾಗಿ ಪಕ್ಕದಲ್ಲೇ ತಲೆ ಎತ್ತೀತು. ಹಿಡಿಯುವುದು, ಮೇಲೆ ಕೂರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕಾಡಾನೆಗೆ ಕೊಡುವ ರಕ್ಷಣೆಯೇ ಇದಕ್ಕೂ ಇದೆ. ರಾತ್ರಿ ದಡದಲ್ಲಿ ಆಮೆ ಕಂಡರೆ ಟಾರ್ಚ್, ಮೊಬೈಲ್ ಬೆಳಕು ಆರಿಸಿ ದೂರ ಸರಿಯಿರಿ. ಬಲೆಯಲ್ಲಿ ಸಿಕ್ಕಿ ದಡಕ್ಕೆ ಬಿದ್ದಿದ್ದರೆ ಕಡಲಿಗೆ ತಳ್ಳಬೇಡಿ, ನೆರಳು ಮಾಡಿ, ಅರಣ್ಯ ಇಲಾಖೆಗೆ ತಿಳಿಸಿ.

ಹೊರಡುವ ಮುಂಚೆ

ಲೀಶ್, ಹಲಗೆ, ಲೈಕ್ರಾ ಬಟ್ಟೆ ಎಲ್ಲವನ್ನೂ ಕೈಗವಸು ಹಾಕಿ ಕಡಲ ನೀರಿನಲ್ಲೇ ಜಾಲಾಡಿಸಿ, ಹೊಲಿಗೆಯ ಸಂದು, ಲೀಶಿನ ವೆಲ್ಕ್ರೊ ಪಟ್ಟಿ ಬಿಚ್ಚಿ ನೋಡಿ. ಒಣಗಿ ಅಂಟಿಕೊಂಡ ಎಳೆ ಮತ್ತೆ ನೀರು ತಾಗಿದಾಗ ಕುಟುಕಬಲ್ಲದು. ಮರುದಿನ ಮನೆಯ ಬಚ್ಚಲಿನಲ್ಲಿ ಆ ಬಟ್ಟೆ ಒಗೆಯುವ ಅಮ್ಮನ ಕೈಗೆ ಅದು ತಾಗಬಾರದು.