ದಿನದ ಓಡಾಟಕ್ಕೆ ಬೈಕ್ ಆರಿಸುವಾಗ: 100 ಸಿಸಿ ಸಾಕೇ, 125 ಬೇಕೇ?

ಶೋರೂಮಿಗೆ ಕಾಲಿಡುವ ಮೊದಲು ಒಂದು ವಾರ ನಿಮ್ಮ ಓಡಾಟವನ್ನು ಬರೆದಿಡಿ. ದಿನಕ್ಕೆ ಎಷ್ಟು ಕಿಲೋಮೀಟರ್, ಅದರಲ್ಲಿ ಸಿಗ್ನಲ್ ದಾರಿ ಎಷ್ಟು, ಹೆದ್ದಾರಿ ಎಷ್ಟು, ಏರು ಎಲ್ಲೆಲ್ಲಿ ಬರುತ್ತದೆ, ವಾರದಲ್ಲಿ ಎಷ್ಟು ದಿನ ಡಬಲ್ಸ್, ಹಿಂದೆ ಕಟ್ಟುವ ಸಾಮಾನು ಏನು. ಬೈಕ್ ಆರಿಸುವ ಕೆಲಸದ ಅರ್ಧ ಭಾಗ ಈ ಒಂದು ಹಾಳೆಯಲ್ಲೇ ಮುಗಿಯುತ್ತದೆ. ತಿಣುಕದೆ ಓಡುವ ಇಂಜಿನ್ನೇ ಮೈಲೇಜ್ ಕೊಡುವುದು, ಅದೇ ಬಹುಕಾಲ ಬಾಳುವುದು. ತಿಣುಕುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ನಿಮ್ಮ ದಾರಿ ಮತ್ತು ನಿಮ್ಮ ಹೊರೆ.

ಮೊದಲು ಮೈಲೇಜಿನ ಲೆಕ್ಕವನ್ನೇ ಸರಿಯಾಗಿ ಹಾಕಿಕೊಳ್ಳೋಣ. ತಿಂಗಳಿಗೆ 1000 ಕಿ.ಮೀ. ಓಡುತ್ತೀರಿ ಎಂದಿಟ್ಟುಕೊಳ್ಳಿ. ಲೀಟರಿಗೆ 40 ಕೊಡುವ ಗಾಡಿಗೆ 25 ಲೀಟರ್ ಬೇಕು, 50 ಕೊಡುವುದಕ್ಕೆ 20 ಲೀಟರ್, 60ಕ್ಕೆ 16.7, 70ಕ್ಕೆ 14.3. ನಲವತ್ತರಿಂದ ಐವತ್ತಕ್ಕೆ ಏರಿದರೆ 5 ಲೀಟರ್ ಉಳಿಯುತ್ತದೆ. ಅರವತ್ತರಿಂದ ಎಪ್ಪತ್ತಕ್ಕೆ ಏರಿದರೆ ಉಳಿಯುವುದು ಎರಡೂವರೆ ಲೀಟರಿಗಿಂತ ಕಡಿಮೆ. ಮೇಲೆ ಹೋದಷ್ಟೂ ಉಳಿತಾಯ ಸಣ್ಣದಾಗುತ್ತದೆ. ಆದ್ದರಿಂದ 65 ಕೊಡುವ ಗಾಡಿ ಮತ್ತು 70 ಕೊಡುವ ಗಾಡಿಯ ನಡುವೆ ತಲೆಕೆಡಿಸಿಕೊಳ್ಳಬೇಡಿ. ಬಿಡಿಭಾಗ ಸಿಗದೆ ಗಾಡಿ ಎರಡು ದಿನ ಗ್ಯಾರೇಜಿನಲ್ಲಿ ನಿಂತರೆ ತಿಂಗಳುಗಟ್ಟಲೆಯ ಆ ಉಳಿತಾಯ ಆಟೊ ಬಾಡಿಗೆಗೇ ಹೋಗುತ್ತದೆ.

ಜಾಹೀರಾತಿನಲ್ಲಿ ಕಾಣುವ ಅಂಕಿ ಪ್ರಯೋಗಾಲಯದಲ್ಲಿ, ರೋಲರ್ ಮೇಲೆ, ನಿಗದಿತ ವೇಗದ ಕ್ರಮದಲ್ಲಿ ಓಡಿಸಿ ಅಳೆದದ್ದು. ಅಲ್ಲಿ ಗುಂಡಿ ಇಲ್ಲ, ಎದುರುಗಾಳಿ ಇಲ್ಲ, ಹಿಂದೆ ಕೂತವರೂ ಇಲ್ಲ. ಎರಡು ಮಾದರಿಗಳನ್ನು ಹೋಲಿಸಲು ಆ ಅಂಕಿ ಉಪಯೋಗಕ್ಕೆ ಬರುತ್ತದೆ, ಮನೆಯ ಬಜೆಟ್ ಹಾಕಲು ಬರುವುದಿಲ್ಲ. ಇದರ ಜೊತೆಗೆ ಈಗ ಬಂಕಿನಲ್ಲಿ ಸಿಗುವುದು 20 ಪ್ರತಿಶತದವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿನದರ ಮೂರನೇ ಎರಡು ಭಾಗದಷ್ಟು ಮಾತ್ರ. ಹಳೆಯ ಗಾಡಿಯಲ್ಲಿ ಸಿಗುತ್ತಿದ್ದ ಮೈಲೇಜಿಗೆ ಹೊಸದನ್ನು ಹೋಲಿಸಿ ಬೇಸರಪಡುವವರು ಇದನ್ನು ನೆನಪಿಡಬೇಕು.

ಸಿಸಿ ನಿರ್ಧರಿಸುವುದು

ಒಬ್ಬರೇ ಓಡಾಡುವವರು, ದಿನಕ್ಕೆ 20–40 ಕಿ.ಮೀ., ವೇಗ 50ರ ಆಸುಪಾಸು, ದಾರಿ ಬಹುಪಾಲು ಸಮತಟ್ಟು ಎಂದರೆ 100 ಸಿಸಿ ಸಾಕು. ಹೀರೊ ಸ್ಪ್ಲೆಂಡರ್ ಪ್ಲಸ್ (97.2 ಸಿಸಿ, 112 ಕೆ.ಜಿ.), 2023ರಲ್ಲಿ ಬಂದ ಹೋಂಡಾ ಶೈನ್ 100 (98.98 ಸಿಸಿ, 99 ಕೆ.ಜಿ.), ಬಜಾಜ್ ಪ್ಲಾಟಿನಾ 100 (102 ಸಿಸಿ) ಈ ಗುಂಪಿನವು. ಮೂರಕ್ಕೂ ನಾಲ್ಕೇ ಗೇರು, ಶಕ್ತಿ 8 ಪಿಎಸ್ (ಅಶ್ವಶಕ್ತಿ) ಆಸುಪಾಸು. ಗಂಟೆಗೆ 40–50 ಕಿ.ಮೀ. ವೇಗದಲ್ಲಿ ಇವು ತುಂಬ ಕಡಿಮೆ ಕುಡಿಯುತ್ತವೆ. 70 ದಾಟಿಸಿದಿರೋ, ಗಾಳಿಯ ತಡೆ ವೇಗದ ವರ್ಗದಷ್ಟು (ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು) ಏರುತ್ತದೆ, ಇಂಜಿನ್ ಕಿರುಚತೊಡಗುತ್ತದೆ, ಹ್ಯಾಂಡಲ್ ಮತ್ತು ಫುಟ್‌ರೆಸ್ಟ್ ನಡುಗುತ್ತವೆ, ಮೈಲೇಜ್ ಜಾರುತ್ತದೆ.

ದಿನವೂ ಹೆದ್ದಾರಿಯಲ್ಲಿ 15–20 ಕಿ.ಮೀ. ಹೋಗುವವರು, ವಾರದಲ್ಲಿ ನಾಲ್ಕು ದಿನ ಡಬಲ್ಸ್ ಓಡಿಸುವವರು, ಘಟ್ಟದ ಏರು ಹತ್ತುವವರು 125 ಸಿಸಿಗೇ ಹೋಗಬೇಕು. ಹೋಂಡಾ ಶೈನ್ 125 (123.94 ಸಿಸಿ, 5 ಗೇರು), ಹೀರೊ ಸೂಪರ್ ಸ್ಪ್ಲೆಂಡರ್, ಟಿವಿಎಸ್ ರೈಡರ್, ಹೋಂಡಾ ಎಸ್‌ಪಿ 125 ಈ ಸಾಲಿನವು. ಕೊಪ್ಪ, ತೀರ್ಥಹಳ್ಳಿ, ಮಡಿಕೇರಿ ಕಡೆಯ ಏರಿನಲ್ಲಿ ಇಬ್ಬರನ್ನು ಹೊತ್ತ 100 ಸಿಸಿ ಗಾಡಿ ಎರಡನೇ ಗೇರಿನಲ್ಲೇ ಪೂರ್ತಿ ಆ್ಯಕ್ಸಿಲರೇಟರ್ ಬೇಡುತ್ತದೆ. ಅದೇ ಏರನ್ನು 125 ಮೂರರಲ್ಲಿ ಅರ್ಧ ಆ್ಯಕ್ಸಿಲರೇಟರಿನಲ್ಲಿ ಹತ್ತಿಬಿಡುತ್ತದೆ. ಅಂಥ ದಾರಿಯಲ್ಲಿ ದೊಡ್ಡ ಇಂಜಿನ್ನಿನ ಮೈಲೇಜ್ ಸಣ್ಣದರ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ಕ್ಲಚ್ ಪ್ಲೇಟೂ ಉಳಿಯುತ್ತದೆ.

ನಡುವೆ 110 ಸಿಸಿ ಇದೆ: ಟಿವಿಎಸ್ ರೇಡಿಯಾನ್ ಮತ್ತು ಸ್ಪೋರ್ಟ್ (ಎರಡೂ 109.7 ಸಿಸಿ), ಪ್ಲಾಟಿನಾ 110. ಊರೊಳಗೆ ಓಡಾಟ, ಆಗಾಗ ಡಬಲ್ಸ್ ಎನ್ನುವ ಮನೆಗಳಿಗೆ ಇದು ಒಳ್ಳೆಯ ರಾಜಿ. ಬಜಾಜ್ ಫ್ರೀಡಂ 125 ಸಿಎನ್‌ಜಿಯಲ್ಲಿ ಓಡುತ್ತದೆ, 2 ಕೆ.ಜಿ. ಅನಿಲದ ಜೊತೆ 2 ಲೀಟರ್ ಪೆಟ್ರೋಲ್ ಹಿಡಿಯುತ್ತದೆ. ನೀವು ದಿನಾ ಹೋಗುವ ದಾರಿಯಲ್ಲೇ ಸಿಎನ್‌ಜಿ ಬಂಕ್ ಇದ್ದು, ಅಲ್ಲಿ ಆಟೊಗಳ ಸಾಲು ಉದ್ದ ಇಲ್ಲದಿದ್ದರೆ ಮಾತ್ರ ಯೋಚಿಸಿ.

ನೆಲ ಮತ್ತು ಮೈಕಟ್ಟು

ಗದಗ, ವಿಜಯಪುರ ಕಡೆಯ ಎರೆ ಮಣ್ಣಿನಲ್ಲಿ ಮಳೆಗಾಲಕ್ಕೆ ಮಣ್ಣು ಟೈರಿಗೂ ಮುಂದಿನ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗದಂತಾಗುತ್ತದೆ. ಹೊಲಕ್ಕೆ ಹೋಗುವ ಗಾಡಿಯಾದರೆ ಆ ಸಂದಿಗೆ ಬೆರಳು ಹಾಕಿ ನೋಡಿ, ಎರಡು ಬೆರಳಾದರೂ ಸಲೀಸಾಗಿ ಆಡಬೇಕು. ಕರಾವಳಿಯವರು ನೋಡಬೇಕಾದದ್ದು ತುಕ್ಕು: ಕಡ್ಡಿ ಚಕ್ರಕ್ಕಿಂತ ಅಲಾಯ್ ಒಳ್ಳೆಯದು, ಚೈನಿಗೆ ಪೂರ್ತಿ ಮುಚ್ಚಿದ ಕವರ್ ಇರುವ ಮಾದರಿ ಇನ್ನೂ ಒಳ್ಳೆಯದು. ತೆರೆದ ಚೈನಿಗೆ ಮಳೆಯೂ ಮರಳೂ ಸೇರಿದರೆ ಬೇಗ ಸವೆಯುತ್ತದೆ.

ಸ್ಪ್ಲೆಂಡರಿನ ನೆಲದ ಅಂತರ 165 ಮಿ.ಮೀ., ರೇಡಿಯಾನಿನದು 180, ಪ್ಲಾಟಿನಾದ್ದು 200. ಎತ್ತರದ ಹಂಪ್, ಕಿತ್ತುಹೋದ ರಸ್ತೆ ಇದ್ದಲ್ಲಿ ಈ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ನೆಲದಿಂದ ಎತ್ತರವಾದಷ್ಟೂ ಸೀಟೂ ಏರುತ್ತದೆ. ಸ್ಪ್ಲೆಂಡರಿಗೆ 785 ಮಿ.ಮೀ., ಪ್ಲಾಟಿನಾಕ್ಕೆ 807. ಕುಳ್ಳಗಿರುವವರು ಚಪ್ಪಲಿ ಹಾಕಿಕೊಂಡೇ ಕೂತು, ಎರಡೂ ಪಾದದ ಮುಂಭಾಗ ನೆಲಕ್ಕೆ ಗಟ್ಟಿಯಾಗಿ ಊರುತ್ತದೆಯೇ ಎಂದು ನೋಡಬೇಕು. ಸಿಗ್ನಲ್ಲಿನಲ್ಲಿ, ಇಳಿಜಾರಿನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಗಾಡಿ ಹಿಡಿದು ನಿಲ್ಲುವುದು ಆ ಕಾಲುಗಳೇ. ಹಿಂದೆ ಕೂರುವವರನ್ನೂ ಕರೆದೊಯ್ಯಿರಿ. ಅಮ್ಮನೋ ಹೆಂಡತಿಯೋ ಒಂದೇ ಬದಿಗೆ ಕಾಲು ಹಾಕಿ ಕೂರುವವರಾದರೆ ಸೀರೆ ಗಾರ್ಡ್ ಎಷ್ಟು ಅಗಲ, ಕಾಲಿಡುವ ಜಾಗ ಎಲ್ಲಿ, ಹಿಡಿಯಲು ಕಂಬಿ ಕೈಗೆ ಸಿಗುತ್ತದೆಯೇ ಎಂದು ಅವರೇ ಹೇಳಬೇಕು.

ಬ್ರೇಕಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: 125 ಸಿಸಿ ಕೊಳ್ಳುವವರು ಮುಂದೆ ಡಿಸ್ಕ್ ಇರುವುದನ್ನೇ ಕೊಳ್ಳಿ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಕನಿಷ್ಠ ಸಿಬಿಎಸ್ ಎಂಬ ಜೋಡಿ ಬ್ರೇಕ್ ವ್ಯವಸ್ಥೆ ಕಡ್ಡಾಯವಾಗಿದೆ. ಹಿಂದಿನ ಬ್ರೇಕ್ ತುಳಿದಾಗ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಅಷ್ಟಾದರೂ ನೀರು ನುಗ್ಗಿದ ಡ್ರಮ್ ಒಣಗುವವರೆಗೆ ಸರಿಯಾಗಿ ಹಿಡಿಯುವುದಿಲ್ಲ, ಡಿಸ್ಕಿಗೆ ಆ ತೊಂದರೆ ಬಹಳ ಕಡಿಮೆ. ಟೈರು ಟ್ಯೂಬ್‌ಲೆಸ್ ಇರಲಿ. ಮೊಳೆ ಹೊಕ್ಕರೂ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಚಕ್ರ ಬಿಚ್ಚದೆ ಪಂಕ್ಚರ್ ಹಾಕಬಹುದು. ಬ್ಲೂಟೂತ್, ಬಣ್ಣದ ಮೀಟರ್ ಇವಕ್ಕೆ ಕೊಡುವ ದುಡ್ಡನ್ನು ಡಿಸ್ಕಿಗೆ ಕೊಡಿ.

ಬಾಳಿಕೆ ಎಂದರೆ ಬಿಡಿಭಾಗ

ಈ ದರ್ಜೆಯ ಇಂಜಿನ್‌ಗಳೆಲ್ಲ ಸರಳ, ಗಾಳಿಯಿಂದ ತಣ್ಣಗಾಗುವವು. ಸಮಯಕ್ಕೆ ಆಯಿಲ್ ಕಂಡರೆ ಯಾವುದೂ ಬೇಗ ಕೈಕೊಡುವುದಿಲ್ಲ. ನಿಜವಾದ ವ್ಯತ್ಯಾಸ ಇರುವುದು ನಿಮ್ಮ ಊರಿನಲ್ಲಿ. ಗಾಡಿ ಕೊಳ್ಳುವ ಮೊದಲು ಹತ್ತಿರದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಆ ಮಾದರಿಯ ನಾಲ್ಕು ವಸ್ತು ಕೇಳಿ: ಕ್ಲಚ್ ಪ್ಲೇಟ್ ಸೆಟ್, ಚೈನ್ ಸ್ಪ್ರಾಕೆಟ್ ಕಿಟ್, ಬ್ರೇಕ್ ಶೂ, ಹೆಡ್‌ಲೈಟ್. ನಾಲ್ಕೂ ಕಪಾಟಿನಿಂದಲೇ ಬಂದರೆ ನಿಶ್ಚಿಂತೆ. "ಆರ್ಡರ್ ಹಾಕ್ತೀವಿ, ನಾಲ್ಕು ದಿನ ಆಗತ್ತೆ" ಎಂದರೆ ಇನ್ನೊಂದು ಮಾದರಿ ನೋಡಿ. ಹೆಡ್‌ಲೈಟನ್ನು ಬೇಕೆಂದೇ ಸೇರಿಸಿದ್ದೇವೆ. ಪೂರ್ತಿ ಎಲ್‌ಇಡಿ ಘಟಕವಾದರೆ ಬಲ್ಬ್ ಮಾತ್ರ ಬದಲಿಸಲು ಆಗುವುದಿಲ್ಲ, ಇಡೀ ಘಟಕವನ್ನೇ ಕೊಳ್ಳಬೇಕಾಗಬಹುದು.

2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಕಾರ್ಬೋರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಚಳಿಯಲ್ಲಿ ಚೋಕ್ ಎಳೆಯುವ ಕೆಲಸವಿಲ್ಲ. ಬದಲಿಗೆ ಬ್ಯಾಟರಿ ಮುಖ್ಯವಾಗಿದೆ. ಅದು ಪೂರ್ತಿ ಸತ್ತರೆ ಪೆಟ್ರೋಲ್ ಪಂಪ್ ಕೆಲಸ ಮಾಡದೆ ಕಿಕ್ ಹೊಡೆದರೂ ಗಾಡಿ ಎದ್ದೇಳದಿರಬಹುದು. ಪಂಪ್ ಇರುವುದು ಟ್ಯಾಂಕಿನೊಳಗೆ, ಅದನ್ನು ತಣ್ಣಗಿಡುವುದು ಪೆಟ್ರೋಲೇ. ಹಾಗಾಗಿ ಟ್ಯಾಂಕನ್ನು ತಳ ಕಾಣುವವರೆಗೆ ಓಡಿಸುವ ಹಳೆಯ ಅಭ್ಯಾಸ ಬಿಡಬೇಕು. ಹತ್ತಿರದ ಮೆಕ್ಯಾನಿಕ್ ಬಳಿ ಇಂಜೆಕ್ಷನ್ ದೋಷ ಓದುವ ಸ್ಕ್ಯಾನರ್ ಇದೆಯೇ ಎಂದು ಈಗಲೇ ಕೇಳಿಡಿ. ಇಲ್ಲದಿದ್ದರೆ ಕಂಪನಿಯ ಸರ್ವಿಸ್ ಕೇಂದ್ರ ಎಷ್ಟು ದೂರ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಟೆಸ್ಟ್ ರೈಡ್ ಶೋರೂಮಿನ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಮುಗಿಯುವುದಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಸಿಗುವ ಕಡೆ ಹೋಗಿ, ಮಧ್ಯದಲ್ಲಿ ನಿಲ್ಲಿಸಿ ಮೊದಲ ಗೇರಿನಲ್ಲಿ ಹೊರಡಿಸಿ. ಕೊನೆಯ ಗೇರಿನಲ್ಲಿ 30ಕ್ಕೆ ಇಳಿಸಿ ಮತ್ತೆ ನಿಧಾನಕ್ಕೆ ಎತ್ತಿ. ಇಂಜಿನ್ ಕಟಕಟ ಎನ್ನದೆ ಎತ್ತಿಕೊಂಡರೆ ಟ್ರಾಫಿಕ್ಕಿನಲ್ಲಿ ಗೇರು ಬದಲಿಸುವ ಕೆಲಸ ಕಡಿಮೆ. 60ರಲ್ಲಿ ಐದು ನಿಮಿಷ ಓಡಿಸಿ ಅಂಗೈ ಜೋಮು ಹಿಡಿಯುತ್ತದೆಯೇ ಗಮನಿಸಿ. ನಿಂತಾಗ ನ್ಯೂಟ್ರಲ್ ಸಲೀಸಾಗಿ ಬೀಳಬೇಕು.

ದುಡ್ಡಿನ ಮಾತು

ಆನ್ ರೋಡ್ ಬೆಲೆಯನ್ನು ಒಟ್ಟಾಗಿ ಕೇಳಬೇಡಿ, ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಎಕ್ಸ್ ಶೋರೂಂ, ಜೀವಾವಧಿ ತೆರಿಗೆ ಮತ್ತು ನೋಂದಣಿ, ವಿಮೆ, ಮಿಕ್ಕದ್ದು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿದಿದೆ. ಕರ್ನಾಟಕದಲ್ಲಿ ಗಾಡಿಯ ಬೆಲೆ ಒಂದು ಲಕ್ಷ ದಾಟಿದರೆ ಜೀವಾವಧಿ ತೆರಿಗೆಯ ದರವೇ ಮೇಲಿನ ಹಂತಕ್ಕೆ ಹೋಗುತ್ತದೆ. 125 ಸಿಸಿಯಲ್ಲಿ ಒಂದೇ ಮಾದರಿಯ ಎರಡು ಆವೃತ್ತಿಗಳು ಆ ಗೆರೆಯ ಈಚೆಗೊಂದು ಆಚೆಗೊಂದು ಬಿದ್ದರೆ ಕೊಡುವ ಮೊತ್ತದಲ್ಲಿ ದೊಡ್ಡ ಅಂತರ ಬರುತ್ತದೆ, ಕೇಳಿ ನೋಡಿ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಅದನ್ನು ಶೋರೂಮಿನಲ್ಲೇ ಮಾಡಿಸಬೇಕೆಂದೇನೂ ಇಲ್ಲ. ಹೊರಗಿನ ಬೆಲೆ ಕೇಳಿಕೊಂಡು ಹೋಗಿ. "ಹ್ಯಾಂಡ್ಲಿಂಗ್", "ಕಡ್ಡಾಯ ಆಕ್ಸೆಸರಿ ಕಿಟ್" ಎಂಬ ಸಾಲು ಕಂಡರೆ ಅದು ಯಾವುದಕ್ಕೆ ಎಂದು ಕೇಳಿ ತೆಗೆಸಿ.

ಸಾಲ ತೆಗೆಯುವವರು ಬಡ್ಡಿ ಫ್ಲಾಟೋ (ಕೊನೆಯವರೆಗೂ ಪೂರ್ತಿ ಅಸಲಿನ ಮೇಲೆ) ರೆಡ್ಯೂಸಿಂಗೋ (ಉಳಿದ ಅಸಲಿನ ಮೇಲೆ ಮಾತ್ರ) ಎಂದು ಮೊದಲು ಕೇಳಬೇಕು. 80,000 ರೂಪಾಯಿಗೆ 10 ಪ್ರತಿಶತ ಫ್ಲಾಟ್, ಮೂರು ವರ್ಷ ಎಂದರೆ ಬಡ್ಡಿ 24,000, ತಿಂಗಳ ಕಂತು ಸುಮಾರು 2,889. ಅಸಲು ತೀರುತ್ತ ಹೋದಂತೆ ಬಡ್ಡಿಯೂ ಇಳಿಯುವ ಲೆಕ್ಕದಲ್ಲಿ ನೋಡಿದರೆ ಇದು ಹತ್ತಿರ ಹತ್ತಿರ 18 ಪ್ರತಿಶತದ ಸಾಲ.

ಗಾಡಿ ತರುವ ದಿನ ಹಗಲಿನಲ್ಲೇ ಹೋಗಿ. ಫಾರ್ಮ್ 21ರಲ್ಲಿ (ಮಾರಾಟ ಪ್ರಮಾಣಪತ್ರ) ಗಾಡಿ ತಯಾರಾದ ತಿಂಗಳು, ವರ್ಷ ಇರುತ್ತದೆ. ಚಾಸಿಸ್ ಮತ್ತು ಇಂಜಿನ್ ನಂಬರ್ ಗಾಡಿಯ ಮೇಲಿರುವುದಕ್ಕೆ ತಾಳೆಯಾಗಬೇಕು. ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿ: 3225 ಎಂದರೆ 2025ರ 32ನೇ ವಾರ. ತಿಂಗಳುಗಟ್ಟಲೆ ಗೋದಾಮಿನಲ್ಲಿ ನಿಂತ ಗಾಡಿಯ ಬ್ಯಾಟರಿ ಸೊರಗಿರುತ್ತದೆ. ಇಂಜಿನ್ ತಣ್ಣಗಿರುವಾಗಲೇ ಸೆಲ್ಫ್ ಒತ್ತಿ ನೋಡಿ, ಎಳೆದು ಎಳೆದು ತಿರುಗಿದರೆ ಬ್ಯಾಟರಿ ಬದಲಿಸಲು ಹೇಳಿ. ನಂಬರ್ ಪ್ಲೇಟ್ ಹಾಕದೆ ಗಾಡಿ ಹೊರಗೆ ತರಬೇಡಿ.

ಮೊದಲ ಸಾವಿರ ಕಿಲೋಮೀಟರ್

ವೇಗ 50 ಮೀರದಿರಲಿ, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬೇಡಿ, ಪೂರ್ತಿ ಆ್ಯಕ್ಸಿಲರೇಟರ್ ಬೇಡ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ ಮೊದಲ ಸರ್ವಿಸ್ ಮಾಡಿಸಿ, ತಡಮಾಡಬೇಡಿ. ಹೊಸ ಭಾಗಗಳು ಉಜ್ಜಿಕೊಂಡು ಉದುರಿಸಿದ ಲೋಹದ ಪುಡಿ ಹೊರಹೋಗುವುದು ಆ ಆಯಿಲ್ ಜೊತೆಗೇ. ಆಯಿಲ್ ಡಬ್ಬಿಯ ಮೇಲೆ ಪುಸ್ತಕ ಹೇಳುವ ದರ್ಜೆ, ಸಾಮಾನ್ಯವಾಗಿ 10ಡಬ್ಲ್ಯು-30, ಮತ್ತು ಜಾಸೊ ಎಂಎ (ಬೈಕ್ ಆಯಿಲ್‌ನ ಜಪಾನಿ ಮಾನದಂಡ) ಗುರುತು ಇರಬೇಕು. ಎಂಬಿ ಎಂದಿರುವುದು ಸ್ಕೂಟರಿನದು, ಬೈಕಿಗೆ ಹಾಕಿದರೆ ಆಯಿಲ್‌ನಲ್ಲೇ ಮುಳುಗಿರುವ ಕ್ಲಚ್ ಜಾರತೊಡಗುತ್ತದೆ.

ಮೈಲೇಜನ್ನು ಎರಡನೇ ಸರ್ವಿಸ್ ಆದ ಮೇಲೆ ಅಳೆಯಿರಿ. ಬಂಕಿನಲ್ಲಿ ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. 250–300 ಕಿ.ಮೀ. ಓಡಿದ ಮೇಲೆ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಿ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸಿ. ಮೂರು ಸಲದ ಸರಾಸರಿ ತೆಗೆಯಿರಿ. ಬಾಟಲಿಯಲ್ಲಿ ಒಂದು ಲೀಟರ್ ಹಾಕಿ ಅದು ಮುಗಿಯುವವರೆಗೆ ಓಡಿಸಿ ನೋಡುವ ಲೆಕ್ಕ ನಂಬುವಂಥದ್ದಲ್ಲ.

ಸರಾಸರಿ ಇದ್ದಕ್ಕಿದ್ದಂತೆ ಇಳಿದರೆ ಇಂಜಿನ್ ಬಿಚ್ಚಿಸಲು ಹೋಗಬೇಡಿ, ಅಗ್ಗದ್ದರಿಂದ ಶುರುಮಾಡಿ. ಮೊದಲು ಟೈರಿನ ಗಾಳಿ. ಒಂಟಿಗೆ ಎಷ್ಟು, ಡಬಲ್ಸಿಗೆ ಎಷ್ಟು ಎಂದು ಗಾಡಿಯ ಮೇಲಿನ ಸ್ಟಿಕ್ಕರಿನಲ್ಲೇ ಇದೆ, ತಣ್ಣಗಿರುವಾಗ ಹಿಡಿಸಿ. ಆಮೇಲೆ ನಡು ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಎರಡು ಸುತ್ತೂ ಬರದೆ ನಿಂತರೆ ಬ್ರೇಕ್ ಉಜ್ಜುತ್ತಿದೆ, ಹಿಂದಿನ ಸರಳಿನ ನಟ್ ಸ್ವಲ್ಪ ಸಡಿಲಿಸಿದರೆ ಸಾಕು. ಚೈನಿನ ಕೆಳಭಾಗ ಮೇಲೆ ಕೆಳಗೆ 20ರಿಂದ 30 ಮಿ.ಮೀ. ಆಡಬೇಕು, ತೀರಾ ಬಿಗಿಯಾದರೂ ಪೆಟ್ರೋಲ್ ಕುಡಿಯುತ್ತದೆ. ಕ್ಲಚ್ ಲಿವರಿಗೆ ಸ್ವಲ್ಪವೂ ಸಡಿಲ ಇಲ್ಲದಿದ್ದರೆ ಪ್ಲೇಟ್ ಪೂರ್ತಿ ಕೂರದೆ ಜಾರುತ್ತಿರುತ್ತದೆ. ಇಷ್ಟೂ ಸರಿಯಿದ್ದರೆ ಏರ್ ಫಿಲ್ಟರ್ ತೆಗೆಸಿ ನೋಡಿ. ಹೋಂಡಾದಂಥ ಗಾಡಿಗಳಲ್ಲಿ ಎಣ್ಣೆ ಲೇಪಿಸಿದ ಕಾಗದದ ಫಿಲ್ಟರ್ ಇರುತ್ತದೆ. ಅದನ್ನು ಗಾಳಿ ಊದಿ ಸ್ವಚ್ಛ ಮಾಡಬಾರದು, ಹೊಸದನ್ನೇ ಹಾಕಬೇಕು. ಪ್ಲಗ್, ವಾಲ್ವ್ ಸಂದು, ಸ್ಕ್ಯಾನರ್ ಇವೆಲ್ಲ ಅದರ ನಂತರ.