ಮೂಳೆ ತೂಗಿ ಕಲಿತ ಲೆಕ್ಕ: ಸೂಪರ್ ಬೌಲ್ ಸಂಜೆಯ ಅಡಿಗೆಯಲ್ಲಿ ನನ್ನ ಅನುಭವ

2013ರ ಫೆಬ್ರವರಿ 3ರ ಸಂಜೆ ನ್ಯೂ ಆರ್ಲಿಯನ್ಸಿನ ಸೂಪರ್‌ಡೋಮ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ವಾರ್ಷಿಕ ಫೈನಲ್ ಆದ ಸೂಪರ್ ಬೌಲ್ ನಡೆಯುತ್ತಿತ್ತು; ಆಟದ ನಾಲ್ಕು ಪಾಲುಗಳಲ್ಲಿ ಮೂರನೆಯದು, ಅಂದರೆ ಮೂರನೆಯ ಕ್ವಾರ್ಟರ್, ಆಗಷ್ಟೇ ಶುರುವಾಗಿತ್ತು. ಬಾಲ್ಟಿಮೋರ್ ರೇವನ್ಸ್ ತಂಡ 28–6ರಿಂದ ಮುಂದಿದ್ದಾಗ ಕ್ರೀಡಾಂಗಣದ ಅರ್ಧ ಭಾಗದ ದೀಪಗಳು ಆರಿಹೋಗಿ ಆಟ 34 ನಿಮಿಷ ನಿಂತಿತು. ಆಗ ನಾನು ಷಿಕಾಗೋ ಹೊರವಲಯದ ಒಂದು ಕೇಟರಿಂಗ್ ಅಡಿಗೆಮನೆಯಲ್ಲಿ ಸಹಾಯಕನಾಗಿದ್ದೆ. ಸುಮಾರು ನೂರು ಜನ ಸೇರಿ ಪಂದ್ಯ ನೋಡುತ್ತಿದ್ದ ಸಭಾಂಗಣದಲ್ಲಿ ಮೇಜು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ, ಆಟದ ನಡುವಿನ ಹಾಫ್‌ಟೈಮ್ ವಿರಾಮದಲ್ಲಿ, ತಟ್ಟೆ ತುಂಬ ಬಡಿಸಿಕೊಂಡು ತಿಂದವರೇ ದೀಪ ಆರಿದ ಕೂಡಲೇ ಮತ್ತೆ ಎದ್ದು ಬಂದು, ಉಳಿದಿದ್ದ ಎರಡು ಟ್ರೇ ವಿಂಗ್ಸನ್ನೂ (ಕರಿದ ಕೋಳಿ ರೆಕ್ಕೆಯ ತುಂಡು) ಡಿಪ್ಪನ್ನೂ ಚಿಪ್ಸನ್ನೂ ಆ ಅರ್ಧ ಗಂಟೆಯಲ್ಲಿ ಮುಗಿಸಿದರು. ಆಟ ಮರಳಿ ಶುರುವಾದೊಡನೆ ಮೇಜಿನ ಬಳಿ ಒಬ್ಬರೂ ಇರಲಿಲ್ಲ. ಹೊಟ್ಟೆ ತುಂಬಿದ್ದವರನ್ನೂ ಮೇಜಿಗೆ ಕರೆತಂದದ್ದು ಏಳಲು ಸಿಕ್ಕ ಬಿಡುವು ಎಂಬುದನ್ನು ಅಂದು ಕಣ್ಣಾರೆ ಕಂಡೆ. ಆದರೆ ಅದನ್ನು ಲೆಕ್ಕವಾಗಿ ಬಳಸಿಕೊಳ್ಳಲು ನನಗೆ ಇನ್ನೂ ಹತ್ತು ವರ್ಷ ಹಿಡಿಯಿತು.

ನಮ್ಮ ಕಸುಬಿನವರ ಹಳೆಯ ಲೆಕ್ಕ ನಿಮಗೆಲ್ಲ ಗೊತ್ತೇ ಇದೆ: ತಲೆಗೆ ಹನ್ನೆರಡು ವಿಂಗ್ಸ್, ಕಾಲು ಪೌಂಡ್ ಚಿಪ್ಸ್, ಕುಡಿಯುವವರಿಗೆ ಗಂಟೆಗೊಂದು ಬಿಯರ್. ಸ್ವಂತ ಅಡಿಗೆಮನೆ ಶುರುಮಾಡಿದ ಮೇಲೆ 2019ರ ಪಂದ್ಯಕ್ಕೆ ನಾನೂ ಇದೇ ಲೆಕ್ಕ ಹಿಡಿದೆ. 130 ಜನರಿಗೆ ತಲಾ ನಲವತ್ತು ಪೌಂಡಿನ ನಾಲ್ಕು ಕೇಸ್ (ಹಸಿ ರೆಕ್ಕೆಯ ಪೆಟ್ಟಿಗೆ) ತರಿಸಿದೆ. ಪೌಂಡಿಗೆ ಹತ್ತು ತುಂಡಿನಂತೆ ಒಟ್ಟು 1600 ತುಂಡು ಆಗಿತ್ತು. ಕಿಕಾಫ್‌ಗೆ, ಅಂದರೆ ಆಟ ಶುರುವಾಗುವುದಕ್ಕೆ, ಮುಂಚೆಯೇ ಎಲ್ಲವನ್ನೂ ಕರಿದು ಬಿಸಿ ಆರದಂತೆ ಇಡುವ ಚೇಫಿಂಗ್ ಡಿಶ್‌ಗಳಿಗೆ ತುಂಬಿಸಿಟ್ಟೆ. ಪೇಟ್ರಿಯಟ್ಸ್ 13–3ರಿಂದ ಗೆದ್ದ ಆ ಪಂದ್ಯ ಸೂಪರ್ ಬೌಲ್ ಚರಿತ್ರೆಯಲ್ಲೇ ಅತಿ ಕಡಿಮೆ ಅಂಕಗಳದು. ಮೂರನೆಯ ಕ್ವಾರ್ಟರ್ ಹೊತ್ತಿಗೆ ಜನ ಕೋಟು ಹಾಕಿಕೊಂಡು ಹೊರಡತೊಡಗಿದರು. ಮುಚ್ಚಳ ತೆರೆದೇ ಬಿಟ್ಟಿದ್ದರಿಂದ ಟ್ರೇಗಳ ಬಿಸಿ 140 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದಿತ್ತು, ಇಳಿದು ಎರಡು ಗಂಟೆಯೂ ದಾಟಿತ್ತು. ಹಾಗಾದ ಮೇಲೆ ಮಾಂಸವನ್ನು ಯಾರಿಗೂ ಕಟ್ಟಿಕೊಡುವಂತಿಲ್ಲ. ಆರುನೂರಕ್ಕೂ ಹೆಚ್ಚು ತುಂಡುಗಳನ್ನು, ಅಂದರೆ ಹಸಿ ಲೆಕ್ಕದಲ್ಲಿ ಅರವತ್ತು ಪೌಂಡನ್ನು, ಕಪ್ಪು ಚೀಲಗಳಿಗೆ ತುಂಬಿ ಹಿಂಬಾಗಿಲಿನಿಂದ ಕಸದ ಡಬ್ಬಿಗೆ ಹೊತ್ತೆವು. ಕೇಸಿಗೆ ಆಗ 90–95 ಡಾಲರ್ ಇತ್ತೆಂದು ನೆನಪು. ಎಣ್ಣೆ, ಡಿಪ್, ಕೂಲಿ ಸೇರಿಸಿದರೆ, ಏಳುನೂರು ಡಾಲರ್ ಉಳಿಯಬೇಕಿದ್ದ ಕೆಲಸದಲ್ಲಿ ಇನ್ನೂರೂ ಉಳಿಯಲಿಲ್ಲ. ದುಡ್ಡಿಗಿಂತ ಹೆಚ್ಚಾಗಿ, ಅಷ್ಟು ಅನ್ನವನ್ನು ಚೆಲ್ಲಿದ ಸಂಕಟ ನನ್ನನ್ನು ಬಹಳ ದಿನ ಬಿಡಲಿಲ್ಲ.

ಸೂಪರ್ ಬೌಲ್ ಹೊತ್ತಿಗೆ ಎಷ್ಟು ವಿಂಗ್ಸ್ ತಿನ್ನುತ್ತಾರೆ ಎಂದು ಅಮೆರಿಕದ ರಾಷ್ಟ್ರೀಯ ಕೋಳಿ ಮಂಡಳಿ ಪ್ರತಿ ವರ್ಷ ಒಂದು ಅಂದಾಜು ಹೊರಡಿಸುತ್ತದೆ. 2024ರಲ್ಲಿ ಅದು 145 ಕೋಟಿ ವಿಂಗ್ಸ್ ಎಂದಿತ್ತು. ಇಡೀ ದೇಶದ ಜನಸಂಖ್ಯೆಗೆ ಭಾಗಿಸಿದರೆ ಹಸುಗೂಸೂ ಸೇರಿದಂತೆ ತಲೆಗೆ ನಾಲ್ಕರ ಮೇಲೆ ಬೀಳುತ್ತದೆ. ಜನವರಿಯಲ್ಲಿ ದರ ಏಕೆ ಏರುತ್ತದೆ ಎಂಬುದನ್ನು ಈ ಸಂಖ್ಯೆ ವಿವರಿಸುತ್ತದೆಯೇ ಹೊರತು, ನಿಮ್ಮ ಸಭಾಂಗಣಕ್ಕೆ ಎಷ್ಟು ಕೇಸ್ ಬೇಕು ಎಂಬುದನ್ನು ಹೇಳುವುದಿಲ್ಲ.

2020ರ ಪಂದ್ಯದಿಂದ ನಾನು ಮೂಳೆ ತೂಗತೊಡಗಿದೆ. ಮೇಜಿನ ಎರಡು ತುದಿಗಳಲ್ಲಿ ಮೂಳೆ ಹಾಕಲೆಂದೇ ಬಕೆಟ್ ಇಟ್ಟು, ಪ್ರತಿ ಕ್ವಾರ್ಟರ್ ಮುಗಿದಾಗ ಬದಲಾಯಿಸಿ, ಒಳಗೆ ತಕ್ಕಡಿಯ ಮೇಲಿಟ್ಟು ಬರೆದುಕೊಳ್ಳುತ್ತಿದ್ದೆ. ರೆಕ್ಕೆಯ ಭುಜದ ಕಡೆಯ ತುಂಡಾದ ಡ್ರಮೆಟ್‌ನಲ್ಲಿ ಒಂದು ಮೂಳೆ, ನಡುವಿನ ತುಂಡಾದ ಫ್ಲ್ಯಾಟ್‌ನಲ್ಲಿ ಎರಡು. ಕೇಸಿನಲ್ಲಿ ಇವೆರಡರ ಪ್ರಮಾಣ ಗೊತ್ತಿದ್ದರೆ, ಮೂಳೆಯ ತೂಕದಿಂದ ಎಷ್ಟು ತುಂಡು ತಿಂದರು ಎಂಬುದು ಸಿಗುತ್ತದೆ. ಪೌಂಡ್ ಮೂಳೆಗೆ ಎಷ್ಟು ತುಂಡು ಎಂಬ ಗುಣಕವನ್ನು ನಾನು ಇಲ್ಲಿ ಕೊಡುವುದಿಲ್ಲ, ಅದನ್ನು ಕಂಡುಕೊಳ್ಳಲು ಎರಡು ಚಳಿಗಾಲ ವ್ಯಯಿಸಿದ್ದೇನೆ. ಹುರುಪಿದ್ದವರು ಒಂದು ಭಾನುವಾರ ಕುಳಿತು ತೂಗಿದರೆ ತಾವೇ ಪಡೆಯಬಹುದು. ಟ್ರೇಯಿಂದ ಹೋದದ್ದನ್ನು ಎಣಿಸಿದರೆ ಸಾಲದು, ಏಕೆಂದರೆ ತಟ್ಟೆಗೆ ಹೋದದ್ದೆಲ್ಲ ಹೊಟ್ಟೆಗೆ ಹೋಗುವುದಿಲ್ಲ.

2021ರಲ್ಲಿ ಜನ ಸೇರುವಂತಿರಲಿಲ್ಲ. ಡಬ್ಬಿ ಕಟ್ಟಿ ಮನೆಗಳಿಗೆ ಕಳುಹಿಸಿದ್ದರಿಂದ ಲೆಕ್ಕ ಮುಂದುವರಿಯಲಿಲ್ಲ. ಉಳಿದ ವರ್ಷಗಳ ನನ್ನ ಸರಾಸರಿ ಹೆಚ್ಚು ಕಡಿಮೆ ಹೀಗಿದೆ. ಬಾಗಿಲು ತೆರೆದಾಗಿನಿಂದ ಮೊದಲ ಕ್ವಾರ್ಟರ್ ಮುಗಿಯುವ ತನಕ ಒಟ್ಟು ತಿಂದದ್ದರ ನೂರಕ್ಕೆ 45 ಪಾಲು, ಎರಡನೆಯದರಲ್ಲಿ 15, ಹಾಫ್‌ಟೈಮ್‌ನಲ್ಲಿ 25, ಮೂರನೆಯದರಲ್ಲಿ 10, ನಾಲ್ಕನೆಯದರಲ್ಲಿ ಬರೀ 5. ಮಾಂಸ ತಿನ್ನುವವರಿಗೆ ಮಾತ್ರ ಎಣಿಸಿದರೆ ತಲೆಗೆ ಹತ್ತು ತುಂಡು ಧಾರಾಳವಾಯಿತು. ಸಸ್ಯಾಹಾರಿಗಳನ್ನೂ ಸೇರಿಸಿ ಎಲ್ಲ ತಲೆಗೂ ಹನ್ನೆರಡು ಎನ್ನುವುದರಲ್ಲೇ ಹಳೆಯ ಲೆಕ್ಕದ ಅರ್ಧ ನಷ್ಟ ಅಡಗಿದೆ.

ಇದನ್ನು ಹಿಡಿದು, ಒಂದೇ ಸಲಕ್ಕೆ ಕರಿಯದೆ ಗಡಿಯಾರಕ್ಕೆ ತಕ್ಕಂತೆ ಕಂತುಕಂತಾಗಿ ಕರಿಯುತ್ತೇನೆ ಎಂದಾಗ ಯಾರೂ ಒಪ್ಪಲಿಲ್ಲ. ನಾನು ಗುರುವಿನಂತೆ ಕಾಣುವ ಹಿರಿಯ ಕೇಟರರ್ ಒಬ್ಬರು, “ಅಪ್ಪಾ, ಹಬ್ಬದ ಊಟದಲ್ಲಿ ಎಲೆ ಮುಂದೆ ಕೂತವರನ್ನು ಕಾಯಿಸಬಾರದು” ಎಂದು ನೇರವಾಗಿ ಹೇಳಿದರು. ಸಭಾಂಗಣದ ಖಜಾಂಚಿಯವರು, “ಕಡಿಮೆ ಬಿದ್ದರೆ ಹೊಣೆ ಯಾರು ಸ್ವಾಮಿ? ಬರೆದು ಕೊಡುತ್ತೀರಾ?” ಎಂದು ಕೇಳಿದರು. ಬರೆದು ಕೊಟ್ಟೆ.

2022ರಲ್ಲಿ ಕಡಿಮೆ ಬಿದ್ದೇ ಬಿಟ್ಟಿತು. ಕೇಸಿನ ದರ ಆ ವರ್ಷ 130 ಡಾಲರ್ ಆಸುಪಾಸಿಗೆ ಏರಿದ್ದರಿಂದ ಕೈ ಬಿಗಿಹಿಡಿದದ್ದು ಒಂದು ಕಾರಣವಾದರೂ, ಮುಖ್ಯ ತಪ್ಪು ಹಾಫ್‌ಟೈಮ್ ಎಂದರೆ ಅರ್ಧ ಗಂಟೆಯ ಒಂದೇ ಪಂಕ್ತಿ ಎಂದು ತಿಳಿದದ್ದು. ನನ್ನ ಫ್ರೈಯರ್‌ನ ಎರಡು ಬುಟ್ಟಿಗಳಲ್ಲಿ ಒಂದು ಸಲಕ್ಕೆ ಎಂಬತ್ತು ತುಂಡು, ಪೂರ್ತಿ ಕರಿಯಲು ಹತ್ತು ನಿಮಿಷ. ಅರ್ಧ ಗಂಟೆಗೆ 240 ತುಂಡು ಬರುತ್ತದೆ, ಬೇಕಾದದ್ದು 225, ಕಾಗದದ ಮೇಲೆ ಎಲ್ಲ ಸರಿಯಾಗಿತ್ತು. ಆದರೆ ಸೂಪರ್ ಬೌಲ್‌ನ ಹಾಫ್‌ಟೈಮ್‌ನಲ್ಲಿ ಹಾಡಿನ ಕಾರ್ಯಕ್ರಮಕ್ಕೆ ವೇದಿಕೆ ಜೋಡಿಸಲು ಏಳೆಂಟು ನಿಮಿಷ ಹೋಗುತ್ತದೆ, ಆಮೇಲೆ ಹದಿಮೂರು ನಿಮಿಷದಷ್ಟು ಹಾಡು, ಆಮೇಲೆ ವೇದಿಕೆ ಬಿಚ್ಚುವ ಹೊತ್ತು. ಹಾಡಿನ ಹೊತ್ತಿನಲ್ಲಿ ಯಾರೂ ಏಳುವುದಿಲ್ಲ. ಜನ ಮೇಜಿಗೆ ಮುಗಿಬೀಳುವುದು ಮೊದಲ ಏಳು ನಿಮಿಷ ಮತ್ತು ಕೊನೆಯ ಐದು ನಿಮಿಷ ಮಾತ್ರ. ಅಂದು ಮೊದಲ ನೂಕುನುಗ್ಗಲಿನಲ್ಲೇ ಟ್ರೇ ಬರಿದಾಗಿ, ಮೂವತ್ತು ನಲವತ್ತು ಜನ ಖಾಲಿ ತಟ್ಟೆ ಹಿಡಿದು ನಿಂತರು. ಖಜಾಂಚಿಯವರು ಅಡಿಗೆಮನೆಯ ಬಾಗಿಲಿಗೆ ಬಂದು ಏನೂ ಮಾತಾಡದೆ ಹಿಂತಿರುಗಿದರು. ಬಿಲ್ಲಿನಲ್ಲಿ ನೂರೈವತ್ತು ಡಾಲರ್ ನಾನೇ ಕಡಿತ ಮಾಡಿಕೊಂಡೆ.

ಪರಿಹಾರ ಸಿಕ್ಕಿದ್ದು ಪರದೆಯ ಮೇಲೆಯೇ. ಎರಡನೆಯ ಕ್ವಾರ್ಟರ್‌ನ ಕೊನೆಗೆ, ಎರಡು ನಿಮಿಷ ಉಳಿದಾಗ, ಆಟ ನಿಲ್ಲಿಸಿ ಕೊಡುವ ಟೂ ಮಿನಿಟ್ ವಾರ್ನಿಂಗ್ ಬರುತ್ತದಲ್ಲ, ಆಟದ ಗಡಿಯಾರದ ಆ ಎರಡು ನಿಮಿಷ ನಿಜವಾದ ಗಡಿಯಾರದಲ್ಲಿ ಹತ್ತು ನಿಮಿಷವನ್ನು ಸಲೀಸಾಗಿ ದಾಟುತ್ತದೆ. ಮಧ್ಯಾಹ್ನವೇ ಅರೆಬೇಯಿಸಿ ತಣಿಸಿ ಶೀತಕೋಣೆಯಲ್ಲಿಟ್ಟ ತುಂಡುಗಳಿಗೆ ಎರಡನೆಯ ಸಲ ನಾಲ್ಕೈದು ನಿಮಿಷ ಸಾಕು; ಒಳಗೆ 165 ಡಿಗ್ರಿ ಬಂದಿದೆಯೇ ಎಂದು ಪ್ರತಿ ಬುಟ್ಟಿಯಲ್ಲೂ ಚುಚ್ಚಿ ನೋಡುತ್ತೇನೆ. ವಾರ್ನಿಂಗ್ ಬಂದ ಕೂಡಲೇ ಮೊದಲ ಬುಟ್ಟಿ ಇಳಿಸಿದರೆ ಹಾಫ್‌ಟೈಮ್ ಶುರುವಾಗುವಾಗ 150 ತುಂಡು ಬಿಸಿಬಿಸಿಯಾಗಿ ಮೇಜಿನ ಮೇಲಿರುತ್ತದೆ, ಉಳಿದದ್ದು ಹಾಡು ಮುಗಿಯುವಾಗ ಬರುತ್ತದೆ. ಅರೆಬೇಯಿಸುವುದು ನಿಮಗೆ ಹೊಸದಲ್ಲ. ಎರಡನೆಯ ಸಲ ಕರಿದ ಮೇಲೆ ಇಪ್ಪತ್ತು ನಿಮಿಷ ಗರಿಗರಿ ಉಳಿಯಲು ನಾನು ಹಚ್ಚುವ ಪುಡಿಯ ವಿಷಯವನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದು ಬರೀ ಬೇಕಿಂಗ್ ಪೌಡರ್ ಅಲ್ಲ ಎಂದಷ್ಟೇ ಹೇಳಬಲ್ಲೆ. ಸಸ್ಯಾಹಾರಿಗಳ ಹೂಕೋಸಿಗೆ ಆ ಪುಡಿ ಕೆಲಸ ಮಾಡಲಿಲ್ಲ. ಹಿಟ್ಟು ಕಲಸುವ ನೀರಿನ ಬದಲು ಸೋಡಾ ಹಾಕಿದ ಮೇಲೆ ಸ್ವಲ್ಪ ಸುಧಾರಿಸಿತಾದರೂ, ಸಾಸ್ ಬೆರೆಸಿದ ಆರೇಳು ನಿಮಿಷಕ್ಕೆ ಮೆತ್ತಗಾಗುತ್ತದೆ. ಈಗ ಸಾಸನ್ನು ಬೇರೆ ಬಟ್ಟಲಲ್ಲಿ ಇಡುತ್ತೇನೆ.

ಇನ್ನೊಂದು ಸಂಗತಿ ನನ್ನ ಗಮನಕ್ಕೆ ಬಂದದ್ದು ಬಹಳ ತಡವಾಗಿ. ಮಾಮೂಲಿ ಭಾನುವಾರದ ಪಂದ್ಯಗಳಲ್ಲಿ ಜನ ಜಾಹೀರಾತಿನ ಹೊತ್ತಿಗೆ ಏಳುತ್ತಾರೆ. ಸೂಪರ್ ಬೌಲ್‌ನಲ್ಲಿ ಜಾಹೀರಾತನ್ನೂ ಬಿಡದೆ ನೋಡುತ್ತಾರೆ; ಅದಕ್ಕೇ ಮಾಮೂಲಿ ಪಂದ್ಯಗಳಲ್ಲಿ ಅಭ್ಯಾಸ ಮಾಡಿದ ಕೆಲಸಗಾರರು ಆ ದಿನ ತಪ್ಪುತ್ತಾರೆ. ಏಳುವ ಬಿಡುವು ತೀರಾ ಕಡಿಮೆಯಿರುವುದರಿಂದ ಎದ್ದಾಗ ತಟ್ಟೆ ತುಂಬಿಸಿಕೊಳ್ಳುತ್ತಾರೆ, ಕೈಯಲ್ಲಿ ಎರಡು ಲೋಟ ಹಿಡಿದು ಹೋಗುತ್ತಾರೆ.

ಕುಡಿಯುವುದರ ಹಾದಿ ತಿನ್ನುವುದರ ಹಾದಿಯಲ್ಲ. ಬಾರ್ ನಡೆಸುವುದು ಲೈಸೆನ್ಸ್ ಉಳ್ಳವರ ಕೈಯಲ್ಲಿರುತ್ತದೆ, ನನ್ನ ಪಾಲಿಗೆ ಎಣಿಕೆ ಮತ್ತು ಮಂಜುಗಡ್ಡೆ. ಹದಿನೈದೂವರೆ ಗ್ಯಾಲನ್ನಿನ ಕೆಗ್ (ಬಿಯರ್ ಪೀಪಾಯಿ) ಲೆಕ್ಕದಲ್ಲಿ ಹನ್ನೆರಡು ಔನ್ಸಿನ 165 ಲೋಟ. ನೊರೆಗೆ ಹೋದದ್ದು ಕಳೆದರೆ 150 ಎಂದುಕೊಳ್ಳಿ. ಎಪ್ಪತ್ತು ಜನ ಕುಡಿಯುವವರಿದ್ದರೆ ಇಡೀ ಸಂಜೆಗೆ ಇನ್ನೂರರ ಸುತ್ತ ಹೋಗುತ್ತದೆ, ತಲೆಗೆ ಮೂರು. ಈ ಆಟದ ಲೀಗ್ ಆದ ಎನ್‌ಎಫ್‌ಎಲ್‌ನ ಕ್ರೀಡಾಂಗಣಗಳಲ್ಲಿ ಸಾಮಾನ್ಯವಾಗಿ ಮೂರನೆಯ ಕ್ವಾರ್ಟರ್ ಮುಗಿದ ಮೇಲೆ ಬಿಯರ್ ಮಾರುವುದಿಲ್ಲ; ನಮ್ಮ ಸಭಾಂಗಣದಲ್ಲೂ ಅದೇ ನಿಯಮ ತರಬೇಕೆಂದು ನಾನು ಹಟ ಹಿಡಿದೆ, ಏಕೆಂದರೆ ಆಮೇಲೆ ಎಲ್ಲರೂ ಹಿಮದ ರಸ್ತೆಯಲ್ಲಿ ಕಾರು ಓಡಿಸಿಕೊಂಡು ಹೋಗುವವರು. ಮೊದಲ ವರ್ಷ ಗೊಣಗಿದರು. ಈಗ ಆ ಹೊತ್ತಿಗೆ ಕಾಫಿಯ ಫ್ಲಾಸ್ಕ್ ಬಂದರೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಪಂದ್ಯ ಬಿಗಿಯಾದಷ್ಟೂ ತಿನ್ನುವುದು ನಿಂತು, ನೀರು ಮತ್ತು ಸೋಡಾ ಕುಡಿಯುವುದು ಹೆಚ್ಚುತ್ತದೆ ಎಂಬುದು ನನ್ನ ಅನುಭವ. ಲೋಟವನ್ನು ಹದಿನಾರು ಔನ್ಸಿನಿಂದ ಹನ್ನೆರಡಕ್ಕೆ ಇಳಿಸಿದ ವರ್ಷ ಅರ್ಧಕ್ಕೆ ಬಿಟ್ಟ ಸೋಡಾದ ಪ್ರಮಾಣ ಮೂರನೆಯ ಒಂದು ಭಾಗದಷ್ಟು ತಗ್ಗಿತು.

ಲೋಟದಂತೆ ಬೋಗುಣಿಯ ಗಾತ್ರವನ್ನೂ ಪರೀಕ್ಷಿಸಿ ನೋಡಿದ್ದೇನೆ. ಸೂಪರ್ ಬೌಲ್ ಕೂಟದಲ್ಲಿ ದೊಡ್ಡ ಬೋಗುಣಿಯಿಟ್ಟರೆ ಜನ ಹೆಚ್ಚು ತಿನ್ನುತ್ತಾರೆ ಎಂಬ ಅಧ್ಯಯನವೊಂದು 2005ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು; 2018ರಲ್ಲಿ ಪತ್ರಿಕೆ ಅದನ್ನು ಹಿಂಪಡೆಯಿತು. ಹಿಂಪಡೆದದ್ದು ಗೊತ್ತಿದ್ದೂ, ಒಂದು ಮೇಜಿಗೆ ಎರಡು ದೊಡ್ಡ ಬೋಗುಣಿ, ಇನ್ನೊಂದಕ್ಕೆ ಆರು ಚಿಕ್ಕವು ಇಟ್ಟು ಚಿಪ್ಸ್ ತೂಗಿದೆ. ದೊಡ್ಡ ಬೋಗುಣಿಗಳಿಂದ ಐದನೆಯ ಒಂದು ಪಾಲು ಹೆಚ್ಚು ಖಾಲಿಯಾಯಿತು ನಿಜ, ಆದರೆ ಆ ಮೇಜಿನವರ ತಟ್ಟೆಗಳಲ್ಲಿ ಮಿಕ್ಕದ್ದನ್ನೂ ಗುಡಿಸಿ ತೂಗಿದಾಗ ವ್ಯತ್ಯಾಸ ಬಹುತೇಕ ಕರಗಿಹೋಯಿತು. ಚಿಕ್ಕ ಬೋಗುಣಿಗಳನ್ನು ತುಂಬಿಸುತ್ತಿರಲು ಒಬ್ಬ ಹುಡುಗ ಬೇಕಾಗುತ್ತಾನೆ. ಅವನ ಕೂಲಿಗೆ ಉಳಿದ ಚಿಪ್ಸಿನ ಬೆಲೆ ಸಾಲದು. ಬಿಟ್ಟುಬಿಟ್ಟೆ.

2023ರಲ್ಲಿ ಎರಡೂವರೆ ಕೇಸ್, ಅಂದರೆ ನೂರು ಪೌಂಡ್, ತಂದೆ. ತೊಂಬತ್ತು ಮಾಂಸಾಹಾರಿಗಳಿಗೆ ಸಾಕಾಗಿ ಐದು ಪೌಂಡ್‌ನಷ್ಟು ಉಳಿಯಿತು. ರಿಹಾನಾ ಹಾಡುತ್ತಿದ್ದ ಹೊತ್ತಿನಲ್ಲಿ ಮೇಜಿನ ಮುಂದೆ ನಿಂತಿದ್ದವನು ನಾನೊಬ್ಬನೇ. ಆದರೆ ವಿಧಾನ ನಿಜಕ್ಕೂ ಪರೀಕ್ಷೆಗೆ ಒಳಗಾದದ್ದು 2024ರ ಫೆಬ್ರವರಿ 11ರಂದು. ನಮ್ಮ ಗಡಿಯಾರದಲ್ಲಿ ಸಂಜೆ ಐದೂವರೆಗೆ ಶುರುವಾದ ಪಂದ್ಯ 19–19ರಲ್ಲಿ ಸಮವಾಗಿ ಹೆಚ್ಚುವರಿ ಅವಧಿಗೆ ಹೋಯಿತು. ಸೂಪರ್ ಬೌಲ್‌ನಲ್ಲಿ ಹಾಗಾದದ್ದು ಅದು ಎರಡನೆಯ ಸಲ. ಶೀತಕೋಣೆಯಲ್ಲಿ ಅರವತ್ತು ತುಂಡು ಮಾತ್ರ ಉಳಿದಿತ್ತು. ಖಜಾಂಚಿಯವರು ಓಡಿಬಂದು, “ಎಲ್ಲವನ್ನೂ ಕರಿದುಬಿಡಿ, ಜನ ಇನ್ನೂ ಅರ್ಧ ಗಂಟೆ ಇರುತ್ತಾರೆ” ಎಂದರು. ನಾನು ಬುಟ್ಟಿ ಇಳಿಸಲಿಲ್ಲ. ಬಾಗಿಲ ಸಂದಿಯಿಂದ ನೋಡಿದರೆ ಇಡೀ ಸಭಾಂಗಣ ಕುರ್ಚಿಯ ತುದಿಗೆ ಬಂದು ಕುಳಿತಿತ್ತು. ಒಬ್ಬ ಹುಡುಗ ಅರ್ಧ ಕಚ್ಚಿದ ಡ್ರಮೆಟನ್ನು ಬಾಯಿಯ ಹತ್ತಿರ ಹಿಡಿದುಕೊಂಡು ತಿನ್ನುವುದನ್ನೇ ಮರೆತಿದ್ದ. ಹೆಚ್ಚುವರಿ ಅವಧಿಯ ಕೊನೆಯ ಮೂರು ಸೆಕೆಂಡು ಉಳಿದಿರುವಾಗ ಕ್ಯಾನ್ಸಾಸ್ ಸಿಟಿ ತಂಡ ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಡೆಯುವ ಆರು ಅಂಕ) ಮಾಡಿ 25–22ರಿಂದ ಗೆದ್ದಿತು. ಆ ಇಡೀ ಅವಧಿಯ ಮೂಳೆಯ ಬಕೆಟ್ ಒಳಗೆ ತಂದು ತೂಗಿದೆ. ಕಾಲು ಪೌಂಡೂ ಇರಲಿಲ್ಲ. ಕೂಗಾಟ ಶುರುವಾದಾಗಲೇ ಅರವತ್ತು ತುಂಡನ್ನೂ ಎಣ್ಣೆಗೆ ಬಿಟ್ಟಿದ್ದೆ; ಐದು ನಿಮಿಷಕ್ಕೆ ಟ್ರೇ ಹೊರಗೆ ಹೋಯಿತು, ಜನ ಪಂದ್ಯದ ಮಾತಾಡುತ್ತ ನಿಂತಲ್ಲೇ ತಿಂದು ಮುಗಿಸಿದರು. ಅಂದು ಎಸೆದದ್ದು ಎರಡು ಪೌಂಡಿಗೂ ಕಡಿಮೆ, ಕೈಗೆ ಉಳಿದದ್ದು ಸಾವಿರದ ನೂರು ಡಾಲರ್ ಚಿಲ್ಲರೆ. ಮರುದಿನ ಆ ಹಿರಿಯ ಕೇಟರರ್ ಅವರೇ ಫೋನ್ ಮಾಡಿ ಬಕೆಟ್ ಎಲ್ಲಿ ಇಡುತ್ತೀಯ ಎಂದು ವಿಚಾರಿಸಿದರು. ಅದು ನನಗೆ ಆ ಸಾವಿರಕ್ಕಿಂತ ದೊಡ್ಡದಾಗಿ ಕಂಡಿತು.

2025ರಲ್ಲಿ ಸರಾಸರಿ ಮತ್ತೆ ಅಲುಗಾಡಿತು. ಹಾಫ್‌ಟೈಮ್‌ಗೆ ಈಗಲ್ಸ್ 24–0ರಿಂದ ಮುಂದಿತ್ತು. ಪಂದ್ಯದಲ್ಲಿ ಕುತೂಹಲ ಉಳಿಯದ್ದರಿಂದ ಮೂರನೆಯ ಕ್ವಾರ್ಟರ್‌ನಲ್ಲಿ ಹತ್ತರ ಬದಲು ಇಪ್ಪತ್ತು ಪಾಲು ಹೋಯಿತು, ನಾಲ್ಕನೆಯದರ ಹೊತ್ತಿಗೆ ಜನ ಪಾರ್ಸೆಲ್ ಕೇಳತೊಡಗಿದರು. ಆಗಷ್ಟೇ ಕರಿದದ್ದಾದ್ದರಿಂದ ಧೈರ್ಯವಾಗಿ ಕಟ್ಟಿಕೊಟ್ಟೆ. ಈಗ ಹಾಫ್‌ಟೈಮ್‌ನ ಅಂಕದ ಅಂತರ ಎರಡು ಟಚ್‌ಡೌನ್ ಮೀರಿದರೆ ಮೂರನೆಯ ಕ್ವಾರ್ಟರ್‌ಗೆ ಎಂಬತ್ತು ತುಂಡು ಹೆಚ್ಚು ತೆಗೆದಿಡುತ್ತೇನೆ, ಪಾರ್ಸೆಲ್ ಡಬ್ಬಿಗಳನ್ನು ಮೇಜಿನ ಕೆಳಗೆ ಮೊದಲೇ ಜೋಡಿಸಿರುತ್ತೇನೆ.