ಡಿಟಿಪಿ ಅಂಗಡಿಯಲ್ಲಿ ಲಿನಕ್ಸ್ ಕೊನೆಗೂ ನೆಲೆ ನಿಂತಿತು

ಲಿನಕ್ಸ್ (ವಿಂಡೋಸ್ ಬದಲು ಹಾಕುವ ಉಚಿತ ಓಎಸ್, ಅಂದರೆ ಕಂಪ್ಯೂಟರ್ ನಡೆಸುವ ಮೂಲ ಸಾಫ್ಟ್‌ವೇರ್) ಇಟ್ಟುಕೊಂಡು ಜೆರಾಕ್ಸ್-ಡಿಟಿಪಿ ಅಂಗಡಿ ನಡೆಸೋಕೆ ಆಗಲ್ಲ ಅಂತ ಹೇಳದವರೇ ಇಲ್ಲ. ರಿಪೇರಿ ಹುಡುಗ ನಕ್ಕ. ಪ್ರೆಸ್‌ನವರು "ಕೋರೆಲ್ ಫೈಲ್ ಕೊಡಿ ಸ್ವಾಮಿ, ಬೇರೆ ತಲೆನೋವು ಬೇಡ" ಅಂದರು; ಕೋರೆಲ್ ಅಂದರೆ ವಿಂಡೋಸ್‌ನಲ್ಲಿ ಓಡುವ ಡಿಸೈನ್ ಸಾಫ್ಟ್‌ವೇರ್. ಈಗ ನನ್ನ ನಾಲ್ಕು ಮಷಿನ್‌ಗಳಲ್ಲಿ ಮೂರು ಲಿನಕ್ಸ್‌ನ ಒಂದು ಬಗೆಯಾದ ಮಿಂಟ್‌ನಲ್ಲೇ ಓಡುತ್ತಿವೆ. ಗಿರಾಕಿಗಳಿಗೆ ಗೊತ್ತೇ ಆಗಿಲ್ಲ.

ಶುರುವಾಗಿದ್ದು ದುಡ್ಡಿನಿಂದ. 2025ರ ಅಕ್ಟೋಬರ್‌ಗೆ ವಿಂಡೋಸ್ 10ರ ಸಪೋರ್ಟ್ ಮುಗಿಯುತ್ತದೆ ಅಂತ ಗೊತ್ತಿತ್ತು. ನಮ್ಮವು ನಾಲ್ಕನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಳೆಯದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೊಸ ಮಷಿನ್‌ಗೆ ಮೂವತ್ತು ಸಾವಿರದ ಆಸುಪಾಸು ರೇಟು ಹೇಳಿದರು. ಪುಟಕ್ಕೆ ಎರಡು ರೂಪಾಯಿ ಜೆರಾಕ್ಸ್ ತೆಗೆಯುವವನು ಲಕ್ಷ ಎಲ್ಲಿಂದ ತರುವುದು?

ಇದಕ್ಕೂ ಮುಂಚೆ ಒಂದು ಸಲ ಪ್ರಯತ್ನ ಕೆಟ್ಟಿತ್ತು. ಎಲ್ಲ ಮಷಿನ್‌ಗೂ ಒಂದೇ ಭಾನುವಾರ ಲಿನಕ್ಸ್ ಹಾಕಿದ್ದೆ. ಲಿನಕ್ಸ್‌ನ ಗ್ನೋಮ್ ಅನ್ನುವ ಭಾರದ ಡೆಸ್ಕ್‌ಟಾಪ್‌ಗೆ 4 ಜಿಬಿ ಸಾಲಲಿಲ್ಲ. ಹಳೆ ಲೇಸರ್ ಪ್ರಿಂಟರ್ ಅಂತೂ ಪ್ರಾಣ ತಿಂದಿತು. ಕಂಪನಿಯದೇ ಲಿನಕ್ಸ್ ಡ್ರೈವರ್ ಹಾಕಿದರೂ ಬೆಳಿಗ್ಗೆ ಒಂದು ಪ್ರಿಂಟ್ ಕೊಟ್ಟು ಮಲಗಿಬಿಡುತ್ತಿತ್ತು. ವಾರದೊಳಗೆ ವಿಂಡೋಸ್ ವಾಪಸ್.

ಎರಡನೇ ಸಲ ಉಲ್ಟಾ ಮಾಡಿದೆ. ಓಎಸ್ ಮುಟ್ಟಲೇ ಇಲ್ಲ. ವಿಂಡೋಸ್ ಒಳಗೇ, ಲಿನಕ್ಸ್‌ನಲ್ಲೂ ಓಡುವ ಲಿಬ್ರೆಆಫೀಸ್ (ವರ್ಡ್ ಬದಲು), ಇಂಕ್‌ಸ್ಕೇಪ್ (ಕೋರೆಲ್ ಬದಲು), ಗಿಂಪ್ (ಫೋಟೋಶಾಪ್ ಬದಲು), ಫೈರ್‌ಫಾಕ್ಸ್ ಹಾಕಿ, ಹಳೆಯವುಗಳ ಐಕಾನ್ ತೆಗೆದುಬಿಟ್ಟೆ. ಮೂರ್ನಾಲ್ಕು ತಿಂಗಳು ಗೊಣಗಾಟ ಕೇಳಿದೆ. ಕೈ ಕುದುರಿದ ಮೇಲೆ ಒಂದೊಂದೇ ಮಷಿನ್‌ಗೆ ಎಸ್‌ಎಸ್‌ಡಿ (ವೇಗದ ಡಿಸ್ಕ್), ಇನ್ನೊಂದು 4 ಜಿಬಿ ರ‍್ಯಾಮ್, ಮಿಂಟ್‌ನ ಹಗುರ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ. ಟೈಪಿಂಗ್ ಮಾಡುವ ಹುಡುಗಿ ನೋಡಿ "ಅಣ್ಣಾ, ಬಣ್ಣ ಬದಲಾಗಿದೆ ಅಷ್ಟೇ ಅಲ್ವಾ?" ಅಂದಳು. ಮಷಿನ್‌ಗೆ ಎರಡು-ಎರಡೂವರೆ ಸಾವಿರ ಬಿತ್ತು. ಹಳೆ ಪ್ರಿಂಟರ್ ಮಾರಿ, ಎಚ್‌ಪಿಲಿಪ್ (ಎಚ್‌ಪಿಯ ಲಿನಕ್ಸ್ ಡ್ರೈವರ್) ಪಟ್ಟಿಯಲ್ಲಿರುವ ಎಚ್‌ಪಿ ಲೇಸರ್ ಒಂದನ್ನು ಸೆಕೆಂಡ್‌ಹ್ಯಾಂಡ್ ತಂದೆ, ಏಳೆಂಟು ಸಾವಿರ. ಒಟ್ಟು ಹದಿನೈದು ಸಾವಿರದ ಒಳಗೆ ಮುಗಿಯಿತು.

ಅಸಲಿ ಯುದ್ಧ ಕನ್ನಡದ್ದು. ಹತ್ತು ವರ್ಷದ ಅರ್ಜಿ, ಕರಾರು ಪತ್ರ ಎಲ್ಲ ಹಳೆ ನುಡಿ ಆಸ್ಕಿ ಫಾಂಟ್‌ನಲ್ಲಿ, ಅಂದರೆ ಯೂನಿಕೋಡ್‌ಗಿಂತ ಮುಂಚೆ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿದ್ದು. ಫಾಂಟ್ ಇಲ್ಲದೆ ತೆರೆದರೆ ಏನು ಕಾಣುತ್ತದೆ ಅಂತ ನಿಮಗೆ ಗೊತ್ತೇ ಇದೆ: 'ನ' ಇದ್ದ ಕಡೆಯೆಲ್ಲ ಪೌಂಡ್ ಚಿಹ್ನೆ. ಫಾಂಟ್ ಹಾಕಿದರೆ ಓದಬಹುದು, ಆದರೆ ತಿದ್ದುವುದು ಕಷ್ಟ. ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಇಡೀ ಫೈಲ್ ಸುರಿದರೆ ನಡುವೆ ಇರುವ ಇಂಗ್ಲಿಷ್ ಹೆಸರು, ಪ್ಯಾನ್ ನಂಬರ್ ಕೂಡ ಕನ್ನಡದ ಕಲಸುಮೇಲೋಗರ ಆಗುತ್ತದೆ. ನುಡಿ ಫಾಂಟ್ ಇರುವ ತುಂಡುಗಳನ್ನಷ್ಟೇ ಬೇರ್ಪಡಿಸಿ ಬದಲಾಯಿಸಬೇಕು. ನಾನು ಅದಕ್ಕೊಂದು ಚಿಕ್ಕ ಸ್ಕ್ರಿಪ್ಟ್ ಮಾಡಿಕೊಂಡಿದ್ದೇನೆ. ಅದನ್ನು ಕೊಡುವುದಿಲ್ಲ, ಕ್ಷಮಿಸಿ, ಊರಲ್ಲಿ ಈಗ ಅದೇ ನನ್ನ ಸೈಡ್ ಬಿಸಿನೆಸ್. ಟೈಪಿಂಗ್‌ಗೆ ಲಿನಕ್ಸ್‌ನ ಭಾಷಾ ಟೈಪಿಂಗ್ ಸಾಧನ ಐಬಸ್‌ನಲ್ಲಿ ಎಂ17ಎನ್ ಅನ್ನುವ ಕೀಲಿಮಣೆಗಳ ಕಟ್ಟು ಹಾಕಿ, ನುಡಿಯದೇ ವಿನ್ಯಾಸವಾದ ಕೆಜಿಪಿ ಆರಿಸಿದರೆ ಸಾಕು. ಒತ್ತಕ್ಷರಕ್ಕೆ ಅದೇ ಎಫ್ ಕೀ, ಬೆರಳಿಗೆ ಹೊಸ ಪಾಠ ಬೇಕಿಲ್ಲ.

ಪ್ರೆಸ್‌ನವರನ್ನು ಒಪ್ಪಿಸಿದ್ದು ಪಿಡಿಎಫ್. ಮದುವೆ ಕಾರ್ಡ್‌ನ ಅಕ್ಷರವನ್ನೆಲ್ಲ ಇಂಕ್‌ಸ್ಕೇಪ್‌ನಲ್ಲಿ ಪಾತ್ (ಅಕ್ಷರದ ಬದಲು ಬರೀ ಗೆರೆಯ ಆಕಾರ) ಮಾಡಿ ಕಳಿಸಿದರೆ ಅವರ ಕಡೆ ಫಾಂಟ್ ಬೇಕೇ ಇಲ್ಲ. ಪಾತ್ ಆದ ಮೇಲೆ ತಿದ್ದಲಿಕ್ಕೆ ಆಗಲ್ಲ, ಹಾಗಾಗಿ ಮೂಲ ಫೈಲ್ ಬೇರೆ ಇಡಿ. ಸಿಎಂವೈಕೆ (ಪ್ರೆಸ್‌ನ ನಾಲ್ಕು ಬಣ್ಣದ ಪದ್ಧತಿ) ಬೇಕು ಅಂದರೆ ಪುಟ ವಿನ್ಯಾಸದ ಸಾಫ್ಟ್‌ವೇರ್ ಸ್ಕ್ರೈಬಸ್. 1.6ರಲ್ಲಿ ಕನ್ನಡದ ಒತ್ತು ಸರಿಯಾಗಿ ಕೂರುತ್ತದೆ, ಹಳೆ 1.4 ಮುಟ್ಟಬೇಡಿ.

ನಡುವೆ ಸುಮ್ನೆ ಟೆಸೆರಾಕ್ಟ್ (ಸ್ಕ್ಯಾನ್ ಮಾಡಿದ ಪುಟದ ಅಕ್ಷರ ಓದುವ ಸಾಫ್ಟ್‌ವೇರ್) ಹಾಕಿ ಹಳೆ ಕ್ರಯಪತ್ರ ಓದಿಸಿ ನೋಡಿದೆ. ಅಚ್ಚಿನ ಪುಟ ಪರವಾಗಿಲ್ಲ, ಒತ್ತಕ್ಷರದಲ್ಲಿ ಎಡವುತ್ತದೆ. ಬರವಣಿಗೆಯ ಪತ್ರಕ್ಕೆ ಬಂದಿದ್ದು ಯಾವ ಭಾಷೆಯೋ ಏನೋ. ಪೇಜ್‌ಮೇಕರ್ (ಪುಟ ವಿನ್ಯಾಸದ ಹಳೆ ಸಾಫ್ಟ್‌ವೇರ್) ಕಾಲದ ಮದುವೆ ಕಾರ್ಡ್ ಫೈಲನ್ನು ಲಿಬ್ರೆಆಫೀಸ್ ಡ್ರಾದಲ್ಲಿ ತೆರೆದೆ. ತೆರೆಯಿತು! ಆದರೆ ಗಂಡಿನ ಕಡೆಯವರು ಹೆಣ್ಣಿನ ಕಡೆಯವರ ಮೇಲೆ ಹತ್ತಿ ಕೂತಿದ್ದರು.

ನಿರೀಕ್ಷೆ ಮಾಡದ ಲಾಭ ಅಂದರೆ ಪೆನ್‌ಡ್ರೈವ್. ಕಾಲೇಜು ಹುಡುಗರು ತರುವ ಶಾರ್ಟ್‌ಕಟ್ ವೈರಸ್ ಇಲ್ಲಿ ಏನೂ ಮಾಡಲ್ಲ, ಅದು ಬಚ್ಚಿಟ್ಟ ಫೋಲ್ಡರ್ ಕೂಡ ತಾನಾಗೇ ಕಾಣುತ್ತದೆ. ಪಕ್ಕದ ಅಂಗಡಿಯವನೇ ಹುಡುಗರನ್ನು ನನ್ನ ಹತ್ತಿರ ಕಳಿಸುತ್ತಾನೆ. ಬ್ರೌಸಿಂಗ್ ಮಷಿನ್‌ನಲ್ಲಿ ಗೆಸ್ಟ್ ಸೆಷನ್ ಆನ್ ಮಾಡಿಟ್ಟಿದ್ದೇನೆ. ಲಾಗ್‌ಔಟ್ ಆದರೆ ಅವರ ವಾಟ್ಸಾಪ್, ಮಾರ್ಕ್ಸ್‌ಕಾರ್ಡ್ ಎಲ್ಲ ಅಳಿಸಿಹೋಗುತ್ತದೆ.

ನಾಲ್ಕನೇ ಮಷಿನ್ ಇನ್ನೂ ವಿಂಡೋಸ್‌ನಲ್ಲೇ ಇದೆ. ನಮ್ಮ ಆಧಾರ್ ಬೆರಳಚ್ಚು ಸಾಧನದ ಆರ್‌ಡಿ ಸರ್ವಿಸ್ (ಸಾಧನವನ್ನು ಆಧಾರ್‌ಗೆ ಜೋಡಿಸುವ ಸಾಫ್ಟ್‌ವೇರ್) ಓಡುವುದು ಅದರಲ್ಲೇ. ಹಟ ಮಾಡಿ ಪ್ರಯೋಜನ ಇಲ್ಲ.

ಈಗ ಒಂದಿಬ್ಬರು ಅಂಗಡಿಯವರು ತಮಗೂ ಹಾಕಿಕೊಡಿ ಅಂತಿದ್ದಾರೆ. ಮಷಿನ್‌ಗೆ ಎಂಟುನೂರು ಕೂಲಿ, ಎಸ್‌ಎಸ್‌ಡಿ ಅವರದೇ. ಮೊದಲು ಪ್ರಿಂಟರ್ ಮಾಡೆಲ್ ನಂಬರ್ ಕಳಿಸಿ ಅಂದಿದ್ದೇನೆ.